ಗೇಟು, ಸರ್ಕಲ್, ಸಿಗ್ನಲ್: ಹಡ್ಸನ್ ಸರ್ಕಲ್ಲಿನಿಂದ ಮಂಚೇನಹಳ್ಳಿಯವರೆಗೆ

ಬೆಂಗಳೂರಿನ ಪಾಲಿಕೆ ಕಟ್ಟಡದ ಎದುರಿಗಿರುವ ಹಡ್ಸನ್ ಸರ್ಕಲ್ಲಿನಲ್ಲಿ ಕೆಂಪೇಗೌಡ ರಸ್ತೆ, ನೃಪತುಂಗ ರಸ್ತೆ, ಕಸ್ತೂರಬಾ ರಸ್ತೆ, ನರಸಿಂಹರಾಜ ರಸ್ತೆಗಳು ಬಂದು ಕೂಡುತ್ತವೆ. ಸಮೀಪದ ಪೊಲೀಸ್ ಠಾಣೆಯ ಹೆಸರು ಹಲಸೂರು ಗೇಟ್. ಅಲ್ಲಿ ಈಗ ಗೇಟೂ ಇಲ್ಲ, ಹಲಸೂರೂ ಇಲ್ಲ; ಹಲಸೂರು ಪೂರ್ವಕ್ಕೆ ಮೈಲುಗಟ್ಟಲೆ ದೂರದಲ್ಲಿದೆ. ಕೋಟೆಯ ಬಾಗಿಲಿಗೆ ಅದರಾಚೆಯ ದಾರಿ ಯಾವ ಊರಿಗೆ ಹೋಗುತ್ತದೋ ಆ ಊರಿನ ಹೆಸರಿಡುವುದು ಹಳೆಯ ರೂಢಿ. ಬಾಗಿಲು ಹೋಯಿತು, ಹೆಸರು ಉಳಿಯಿತು.

1537ರಲ್ಲಿ ಕೆಂಪೇಗೌಡ ಪೇಟೆ ಕಟ್ಟಿಸಲು ಹೊರಟಾಗ ದೊಡ್ಡಪೇಟೆ ಮತ್ತು ಚಿಕ್ಕಪೇಟೆಯ ಬೀದಿಗಳು ಕೂಡುವ ಚೌಕದಲ್ಲಿ ಬಿಳಿ ಎತ್ತುಗಳ ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿದನೆಂದು ಐತಿಹ್ಯ ಹೇಳುತ್ತದೆ. ಉತ್ತರಕ್ಕೆ ಯಲಹಂಕ, ಪೂರ್ವಕ್ಕೆ ಹಲಸೂರು, ದಕ್ಷಿಣಕ್ಕೆ ಆನೇಕಲ್, ಪಶ್ಚಿಮಕ್ಕೆ ಸೊಂಡೇಕೊಪ್ಪ: ನೇಗಿಲ ಗೆರೆಗಳೇ ಬೀದಿಗಳಾದವು, ಗೆರೆಗಳ ತುದಿಗಳು ಬಾಗಿಲುಗಳಾದವು. ಎತ್ತುಗಳ ಕಥೆಯನ್ನು ನಂಬಲಿ ಬಿಡಲಿ, ಊರಿನ ನಕ್ಷೆ ಮಾತ್ರ ಅದಕ್ಕೆ ಒಪ್ಪುವಂತಿದೆ. ದೊಡ್ಡಪೇಟೆ ಇಂದಿನ ಅವೆನ್ಯೂ ರಸ್ತೆ. ಅದರ ಉತ್ತರದ ತುದಿಯಲ್ಲಿದ್ದ ಯಲಹಂಕ ಬಾಗಿಲಿನ ಆಸುಪಾಸಿನಲ್ಲಿ ಈಗ ಮೈಸೂರು ಬ್ಯಾಂಕ್ ಸರ್ಕಲ್ ಇದೆ. ನಂದಿ, ಚಿಕ್ಕಬಳ್ಳಾಪುರದ ಸೀಮೆಯಿಂದ ಯಲಹಂಕದ ಮೇಲೆ ಬರುವವರಿಗೆ ಪೇಟೆಯ ಹೊಸ್ತಿಲು ಅದೇ.

ಗೇಟಿನ ಕಾಲದಲ್ಲಿ ಕೂಡುರಸ್ತೆಯ ಕೆಲಸ ಜನರನ್ನು ಬೇಗ ದಾಟಿಸುವುದಾಗಿರಲಿಲ್ಲ, ನಿಲ್ಲಿಸುವುದಾಗಿತ್ತು. ಬಂದವರು ಯಾರು, ಗಾಡಿಯಲ್ಲಿ ಏನಿದೆ ಎಂದು ನೋಡಿ ಒಳಗೆ ಬಿಡಬೇಕಿತ್ತು. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯೊಳಗೆ ನುಗ್ಗಿದ್ದು ಈ ಹಲಸೂರು ಬಾಗಿಲಿನಿಂದಲೇ. ಎರಡು ವಾರದಲ್ಲಿ ಕೋಟೆಯೂ, ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿದುರ್ಗವೂ ಬಿದ್ದವು. ಆ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ನೆನಪಿಗೆ ಮುಂದೆ ಹಲಸೂರು ಬಾಗಿಲಿನ ಈ ಜಾಗದಲ್ಲಿ ಒಂದು ಸ್ಮಾರಕಸ್ತಂಭ ಎದ್ದಿತು. ಪಕ್ಕದ ರಸ್ತೆಗೆ ಸೆನೊಟಾಫ್ ರಸ್ತೆ ಎಂಬ ಹೆಸರು ಬಂದದ್ದು ಅದರಿಂದ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಪೇಟೆಯ ಗೋಡೆ ಕೆಡವಿ ಕಂದಕ ತುಂಬಿದ ಮೇಲೆ ಬಾಗಿಲಿಗೆ ಅರ್ಥವಿರಲಿಲ್ಲ. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು (ಕಂಟೋನ್ಮೆಂಟ್), ನಡುವೆ 1870ರಲ್ಲಿ ಆದ ಕಬ್ಬನ್ ಪಾರ್ಕ್. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಪೇಟೆಯ ಅಂಚಿನ ಈ ಜಾಗ ಹೀಗೆ ಎರಡು ಊರುಗಳ ನಡುವಿನ ಹಾದಿಯಾಯಿತು. 1904ರಲ್ಲಿ ವೆಸ್ಲಿಯನ್ ಮಿಷನರಿ ಜೋಸೈಯಾ ಹಡ್ಸನ್ ಅವರ ನೆನಪಿನ ಚರ್ಚು ಕಟ್ಟಿದರು. ಸರ್ಕಲ್ಲಿನ ಹೆಸರು ಅಲ್ಲಿಂದ ಬಂತು. 1935ರಲ್ಲಿ ಹತ್ತಿರದಲ್ಲೇ ಪುಟ್ಟಣ್ಣಚೆಟ್ಟಿ ಪುರಭವನ ತಲೆಯೆತ್ತಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆ ಕಾಲದಲ್ಲಿ ನಾಲ್ಕು ದಾರಿ ಸೇರುವ ಜಾಗವೆಂದರೆ ಹೂಹಾಸು, ಪ್ರತಿಮೆ, ದೀಪದ ಕಂಬ ಇರಬೇಕಾದ ಜಾಗ. ‘ಸರ್ಕಲ್’ ಎಂಬ ಮಾತು ಕನ್ನಡದ ಬಾಯಿಗೆ ಬಂದದ್ದು ಹೀಗೆ ದುಂಡಗಿನ ಕಟ್ಟೆಗಳ ಜೊತೆ. ಈಗ ದುಂಡಗಿಲ್ಲದ ಕೂಡುರಸ್ತೆಯೂ ಸರ್ಕಲ್ಲೇ.

ದುಂಡು ಕಟ್ಟೆ ಅಲಂಕಾರಕ್ಕಷ್ಟೇ ಅಲ್ಲ. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ 1905ರಲ್ಲಿ ಗಾಡಿಗಳನ್ನು ಒಂದೇ ದಿಕ್ಕಿಗೆ ಸುತ್ತಿಸುವ ಕ್ರಮ ಬಂತು. ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ 1909ರ ಹೊತ್ತಿಗೆ ಅಂಥದೇ ಸುತ್ತು ಆಯಿತು. ಲೆಕ್ಕ ಸರಳವಾದದ್ದು. ನಾಲ್ಕು ರಸ್ತೆಗಳು ನೇರವಾಗಿ ಕೂಡುವಲ್ಲಿ ವಾಹನಗಳ ದಾರಿಗಳು 32 ಕಡೆ ಒಂದಕ್ಕೊಂದು ತಗಲುತ್ತವೆ. ಒಂದೇ ಸಾಲಿನ ದುಂಡು ಸುತ್ತಿನಲ್ಲಿ ಆ ಸಂಖ್ಯೆ 8. ಎದುರುಬದುರಾಗಿ ಗುದ್ದುವುದು ತಪ್ಪಿ, ಪಕ್ಕಕ್ಕೆ ಸವರುವುದಷ್ಟೇ ಉಳಿಯುತ್ತದೆ. ವೇಗವೂ ತಾನಾಗಿ ಇಳಿಯುತ್ತದೆ. ಆದರೆ ಒಳಗೆ ಸುತ್ತುತ್ತಿರುವವರಿಗೆ ಹೊರಗಿನಿಂದ ಬರುವವರು ದಾರಿ ಬಿಡಬೇಕು. ಬ್ರಿಟನ್ ಈ ನಿಯಮವನ್ನು ಗಟ್ಟಿ ಮಾಡಿದ್ದು 1966ರಲ್ಲಿ. ಅಲ್ಲಿಯವರೆಗೆ ತುಂಬಿದ ಸುತ್ತುಗಳು ತಮ್ಮಷ್ಟಕ್ಕೆ ಬೀಗ ಹಾಕಿಕೊಂಡು ನಿಲ್ಲುತ್ತಿದ್ದವು. ಮೊದಲು ಮೂತಿ ತೂರಿಸಿದವನಿಗೆ ದಾರಿ ಎಂಬ ಪದ್ಧತಿ ನಡೆಯುವ ಊರುಗಳಲ್ಲಿ ಇಂದಿಗೂ ಅದೇ ಪಾಡು.

1949ರಲ್ಲಿ ಪೇಟೆ ಮತ್ತು ದಂಡಿನ ಆಡಳಿತಗಳು ಒಂದಾಗಿ ನಗರ ಕಾರ್ಪೊರೇಷನ್ ಆಯಿತು. ಅಂಚಿನಲ್ಲಿದ್ದ ಸರ್ಕಲ್ ನಡುಮನೆಯಾಯಿತು. 1964ರಲ್ಲಿ, ಕನ್ನಡ ಚಳವಳಿಗಾರರ ಒತ್ತಾಯದ ನಂತರ, ಬ್ರಿಟಿಷರ ಸ್ಮಾರಕಸ್ತಂಭವನ್ನು ಕೆಡವಲಾಯಿತು. ಈಗ ಅಲ್ಲಿರುವುದು ಕೆಂಪೇಗೌಡನ ಪ್ರತಿಮೆ, ಮತ್ತು ಸೆನೊಟಾಫ್ ರಸ್ತೆ ಈಗ ನೃಪತುಂಗ ರಸ್ತೆ. ಈ ಸರ್ಕಲ್ಲಿನ ಚರಿತ್ರೆಯಲ್ಲಿ ವಾಹನಕ್ಕಾಗಿ ಅಲ್ಲದೆ ನೆನಪಿಗಾಗಿ ನಡೆದ ದೊಡ್ಡ ಬದಲಾವಣೆ ಅದು.

ಆಮೇಲಿನದೆಲ್ಲ ವಾಹನದ ಲೆಕ್ಕ. ದುಂಡು ಸುತ್ತುಗಳ ಬಗ್ಗೆ ಭಾರತೀಯ ರಸ್ತೆ ಕಾಂಗ್ರೆಸ್ 1976ರಲ್ಲಿ ಹೊರಡಿಸಿದ ಮಾರ್ಗಸೂಚಿ, ಎಲ್ಲ ಕಡೆಯಿಂದ ಸೇರಿ ಗಂಟೆಗೆ ಸುಮಾರು 3,000 ವಾಹನಗಳವರೆಗೆ ಮಾತ್ರ ಅವು ತಾಳುತ್ತವೆ ಎಂದು ಮಿತಿ ಹಾಕಿತು. ಅದಕ್ಕೆ ಮೀರಿದರೆ ಸಿಗ್ನಲ್ ಬೇಕು. ಸಿಗ್ನಲ್ ಹೊಸ ವಿದ್ಯೆಯೇನಲ್ಲ: ಲಂಡನ್ನಿನಲ್ಲಿ 1868ರ ಡಿಸೆಂಬರಿನಲ್ಲಿ ಗ್ಯಾಸ್ ದೀಪದ ಸಿಗ್ನಲ್ ನಿಲ್ಲಿಸಿದ್ದರು, ಮುಂದಿನ ತಿಂಗಳೇ ಅದು ಸಿಡಿಯಿತು. ವಿದ್ಯುತ್ ಸಿಗ್ನಲ್ 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬಂತು. ದುಂಡು ಕಟ್ಟೆ ಜಾಗವನ್ನು ಹಂಚಿದರೆ ಸಿಗ್ನಲ್ ಸಮಯವನ್ನು ಹಂಚುತ್ತದೆ. ಹಂಚಿಕೆಯಲ್ಲಿ ಮೊದಲು ಕಡಿತವಾಗುವುದು ನಡೆಯುವವರ ಪಾಲು. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿದರೆ 24 ಮೀಟರ್ ಅಗಲದ ರಸ್ತೆ ದಾಟಲು 20 ಸೆಕೆಂಡ್ ಬೇಕು. ಮುದುಕರಿಗೆ, ಮಗುವಿನ ಕೈ ಹಿಡಿದವರಿಗೆ ಇನ್ನೂ ಹೆಚ್ಚು. ರಸ್ತೆ ಅಗಲವಾದಷ್ಟೂ ಈ ಸಮಯ ಬೆಳೆಯುತ್ತದೆ, ಅಂದರೆ ವಾಹನಗಳಿಗಾಗಿ ಅಗಲ ಮಾಡಿದ ರಸ್ತೆಯೇ ವಾಹನಗಳ ಹಸಿರು ದೀಪವನ್ನು ತಿನ್ನುತ್ತದೆ. ನಡುವೆ ಒಂದು ನಿಲುಗಡೆ ಕಟ್ಟೆ ಇದ್ದರೆ ಎರಡು ಕಂತಿನಲ್ಲಿ ದಾಟಬಹುದು. ಖರ್ಚು ಕಡಿಮೆಯ ಈ ಉಪಾಯ ನಮ್ಮಲ್ಲಿ ಕಾಣಸಿಗುವುದು ಅಪರೂಪ.

ಅದರ ಬದಲು ನಗರ ಹಿಡಿದದ್ದು ಮೇಲೆ ಕೆಳಗೆ ಹೋಗುವ ದಾರಿ. ಹತ್ತಿರದ ರಿಚ್ಮಂಡ್ ಸರ್ಕಲ್ಲಿನ ಮೇಲ್ಸೇತುವೆ ಮೇಲೆಯೇ ಇನ್ನೊಂದು ಕೂಡುರಸ್ತೆಯಾಗಿ, ವಾಹನಗಳು ಅಲ್ಲೂ ಸಿಗ್ನಲ್ಲಿಗೆ ಕಾಯಬೇಕಾಯಿತು. ನೆಲದ ತೊಂದರೆಯನ್ನು ಎತ್ತಿ ಅಟ್ಟದ ಮೇಲಿಟ್ಟಂತಾಯಿತಷ್ಟೇ. ನಡೆಯುವವರಿಗೆ ಸಬ್‌ವೇಗಳು, ಮೇಲುಗಾಲುದಾರಿಗಳು. ಚಕ್ರವಿರುವುದು ನೇರ ಹೋಗಿ, ಕಾಲಿರುವವರು ಮೆಟ್ಟಿಲು ಹತ್ತಿಳಿಯಬೇಕೆಂಬ ಈ ಏರ್ಪಾಡನ್ನು ಜನ ಒಪ್ಪದೆ ವಿಭಜಕ ದಾಟಿಯೇ ಓಡುವುದರಲ್ಲಿ ಆಶ್ಚರ್ಯವಿಲ್ಲ.

ತಿರುವು ಬಂದದ್ದು 2010ರ ದಶಕದಲ್ಲಿ. ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ‘ಟೆಂಡರ್‌ಶ್ಯೂರ್’ ಮಾದರಿಯಲ್ಲಿ ರೆಸಿಡೆನ್ಸಿ, ರಿಚ್ಮಂಡ್, ಸೇಂಟ್ ಮಾರ್ಕ್ಸ್, ಕನ್ನಿಂಗ್‌ಹ್ಯಾಮ್, ವಿಠಲ ಮಲ್ಯ ರಸ್ತೆ ಮೊದಲಾದವನ್ನು ತಿರುಗಿ ಕಟ್ಟಿದರು. ನೀರು, ಒಳಚರಂಡಿ, ಕೇಬಲ್ಲುಗಳಿಗೆ ನೆಲದಡಿ ನಿಶ್ಚಿತ ಜಾಗ, ಮೇಲೆ ಎಲ್ಲೂ ಹಿಗ್ಗದ ಕುಗ್ಗದ ಒಂದೇ ಅಗಲದ ವಾಹನದ ಸಾಲು, ಉಳಿದದ್ದೆಲ್ಲ ಫುಟ್‌ಪಾತ್. ದಾರಿಯ ಅಗಲ ಒಂದೇ ಸಮ ಇದ್ದರೆ ಮುಂದೆ ಕಿರಿದಾಗಿ ಗಂಟು ಬೀಳುವುದಿಲ್ಲ ಎಂಬುದೇ ಇದರ ತಿರುಳು. ರಸ್ತೆ ಕಿರಿದು ಮಾಡಿದರೆಂಬ ದೂರು ಬಂದೇ ಬಂತು. 2018ರ ಮಾರ್ಚ್ 1ರಂದು ಹೊಸ ರೂಪದಲ್ಲಿ ತೆರೆದ ಚರ್ಚ್ ಸ್ಟ್ರೀಟಿನಲ್ಲಿ ಡಾಂಬರಿನ ಬದಲು ಕಲ್ಲುಹಾಸು ಬಂತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿಗೆ ವಾಹನಗಳನ್ನೇ ಬಿಡಲಿಲ್ಲ.

ಸಣ್ಣ ಊರುಗಳ ಕೂಡುರಸ್ತೆಗಳು ಬೇರೆ ಹಾದಿ ಹಿಡಿದವು. ಅಲ್ಲಿ ಗೇಟಿನ ಹಳೆಯ ವ್ಯಾಕರಣ ಇನ್ನೂ ಜೀವಂತ: ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟ ಸರ್ಕಲ್, ಚಿಂತಾಮಣಿಯಲ್ಲಿ ಚೇಳೂರು ಸರ್ಕಲ್, ಹೋಗುವ ಊರಿನ ಹೆಸರೇ ನಿಲ್ಲುವ ಜಾಗದ ಹೆಸರು. ಶಿಡ್ಲಘಟ್ಟದ ಕೋಟೆ ಸರ್ಕಲ್ಲಿನ ಹೆಸರಿನಲ್ಲಂತೂ ಕೋಟೆಯೇ ಉಳಿದಿದೆ. ಬೆಂಗಳೂರು–ಹೈದರಾಬಾದ್ ಹೆದ್ದಾರಿ ಚಿಕ್ಕಬಳ್ಳಾಪುರವನ್ನು ಬಳಸಿ ಹೋದ ಮೇಲೆ ದೂರದ ಲಾರಿಗಳು ಊರ ಹೊರಗಾದವು, ಒಳಗಿನ ಬಿ.ಬಿ. ರಸ್ತೆ ಊರಿನವರ ಪಾಲಿಗೆ ಬಂತು.

ಉತ್ತರ ಪಿನಾಕಿನಿಯ ಸೀಮೆಯ ಮಂಚೇನಹಳ್ಳಿ ಚಿಕ್ಕಬಳ್ಳಾಪುರ–ಗೌರಿಬಿದನೂರು ರಸ್ತೆಯ ಮೇಲಿದೆ. ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಕಚೇರಿ ಬಂದಲ್ಲಿಗೆ ಜನ ಬರುತ್ತಾರೆ, ಜನರ ಹಿಂದೆ ಆಟೊ, ಬೈಕು, ಬಸ್ಸು. ಇಂಥ ಊರಿನಲ್ಲಿ ಹೆದ್ದಾರಿಯೇ ಪೇಟೆಬೀದಿ. ಪಕ್ಕದ ಹಳ್ಳಿಯ ದಾರಿ ಬಂದು ಸೇರುವಲ್ಲಿ ಮೂರು ರಸ್ತೆಯ ಕೂಡಲಾಗುತ್ತದೆ. ಮೂರು ರಸ್ತೆ ಕೂಡುವಲ್ಲಿ ವಾಹನಗಳು ತಗಲುವ ಜಾಗಗಳು 32 ಅಲ್ಲ, 9. ಆದ್ದರಿಂದ ಇಲ್ಲಿಗೆ ಮೇಲ್ಸೇತುವೆ ಬೇಡ. ಅಡ್ಡರಸ್ತೆಯ ಬಾಯಿಯನ್ನು ಕಿರಿದು ಮಾಡಿ ತಿರುಗುವ ವಾಹನದ ವೇಗ ಇಳಿಸುವುದು, ಜೀಬ್ರಾ ಪಟ್ಟಿಯನ್ನು ಫುಟ್‌ಪಾತಿನ ಎತ್ತರಕ್ಕೆ ಏರಿಸುವುದು, ಮೂಲೆಯ ನೋಟ ಮುಚ್ಚುವ ಗಾಡಿಗಳಿಗೆ ಸ್ವಲ್ಪ ಹಿಂದೆ ಜಾಗ ಕೊಡುವುದು, ಬಸ್ಸು ನಿಲ್ಲುವ ಜಾಗವನ್ನು ಕೂಡುರಸ್ತೆಯ ಬಾಯಿಂದ ದಾಟಿಸಿ ಮುಂದಿಡುವುದು ಸಾಕಾಗುತ್ತದೆ. ಕೊನೆಯದೇ ಎಲ್ಲಕ್ಕಿಂತ ಕಷ್ಟದ ಕೆಲಸ: ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲೇ ಟೀ ಅಂಗಡಿ, ಹಣ್ಣಿನ ಗಾಡಿ, ಆಟೊ ಸಾಲು ಬೇರೂರಿರುತ್ತವೆ, ಬಸ್ಸನ್ನು 50 ಮೀಟರ್ ಸರಿಸಬೇಕೆಂದರೆ ಅವೆಲ್ಲವನ್ನೂ ಜೊತೆಗೇ ಸರಿಸಬೇಕು.