ಹೊರೆಗೆ ತಕ್ಕ ಗಾಡಿಯೋ, ಗಾಡಿಗೆ ತಕ್ಕ ಹೊರೆಯೋ

ಒಂದು ಸೀರೆ ಕೊಳ್ಳಲು ಹತ್ತು ಅಂಗಡಿ ಸುತ್ತುತ್ತೇವೆಂದು ನಮ್ಮನ್ನು ಗಂಡಸರು ಹಾಸ್ಯ ಮಾಡುವುದುಂಟು. ಮನೆಗೊಂದು ವಾಹನ ಕೊಳ್ಳುವಾಗ ಅವರು ಮಾಡುವ ಚರ್ಚೆಯನ್ನು ಒಮ್ಮೆ ಕೇಳಬೇಕು. ಎಂಜಿನ್ನಿನ ಶಕ್ತಿ, ಚಕ್ರದ ಎತ್ತರ, ಎಷ್ಟು ಮೂಟೆ ಹಿಡಿಸುತ್ತದೆ ಎಂಬುದೆಲ್ಲ ಬರುತ್ತದೆ. ನಮ್ಮನ್ನು ಕೇಳುವುದು ಕೊನೆಯಲ್ಲಿ, ಬಣ್ಣ ಯಾವುದಿರಲಿ ಎಂದು. ಆ ಗಾಡಿಯನ್ನು ಹತ್ತಿ ಇಳಿಯುವವರು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವವರು, ಅದು ಸಿಗದ ದಿನ ನಡೆಯುವವರು ಹೆಚ್ಚಾಗಿ ನಾವೇ. ಹಾಗಾಗಿ ಗಾಡಿಯ ಚರಿತ್ರೆಯನ್ನು ನಮ್ಮ ಕಡೆಯಿಂದಲೂ ಸ್ವಲ್ಪ ನೋಡಬಹುದೆಂದು ನನಗೆ ಅನ್ನಿಸಿದೆ.

ಇದಕ್ಕೆ ಕಾರಣ ನನ್ನ ತವರಿನಲ್ಲಿ ಎದ್ದ ಒಂದು ಪ್ರಶ್ನೆ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ನನ್ನ ತವರು. ಹೆಸರನ್ನು ಬಿಡಿಸಿದರೆ ಚಿಕ್ಕ ಅರಸಿನ ಕೆರೆ, ಅದಕ್ಕೇ ಸಿ.ಎ. ಕೆರೆ ಎಂದು ಮೊಟಕಾಗಿ ಬರೆಯುತ್ತಾರೆ. ಹೋಬಳಿ ಕೇಂದ್ರ. ಕಾಲಭೈರವೇಶ್ವರನ ಗುಡಿ, ಆ ದೇವರ ಬಸವಪ್ಪ ಎಂದರೆ ದೂರದೂರದವರಿಗೂ ಗೊತ್ತು. ನನ್ನ ಅಣ್ಣ ತನ್ನ ಹಳೆಯ ಜೀಪನ್ನು ಮಾರಿ ಚಿಕ್ಕ ಕಾರು ಕೊಳ್ಳಬೇಕೆಂದಿದ್ದ. ಅತ್ತಿಗೆಯ ತಾಯಿಗೆ ವಾರಕ್ಕೆ ಎರಡು ಸಲ ಮಂಡ್ಯದಲ್ಲಿ ಡಯಾಲಿಸಿಸ್. ಜೀಪಿನ ಮೆಟ್ಟಿಲು ಆ ಮುದುಕಿಗೆ ಬೆಟ್ಟದ ಹಾಗೆ. ಆದರೆ ಅಣ್ಣನ ಮಗ ಗೆಳೆಯರೊಂದಿಗೆ ಪಾಲಿನಲ್ಲಿ ಕೆರೆ ಮೀನಿನ ಗುತ್ತಿಗೆ ಹಿಡಿದಿದ್ದ. ಒಂದು ಫೈಬರ್ ದೋಣಿ ತಂದಿದ್ದ. ಕಾರು ಚಿಕ್ಕದಾಗಿರಲಿ, ಆದರೆ ದೋಣಿಯನ್ನು ಎಳೆಯುವಂತಿರಬೇಕು ಎಂಬುದು ಅವನ ಹಟ. ತಿಂಗಳುಗಟ್ಟಲೆ ಇದೇ ಮಾತು ನಡೆಯಿತು. ಅಷ್ಟು ದಿನವೂ ಅತ್ತಿಗೆ ಬಾಡಿಗೆ ಆಟೋದಲ್ಲಿ ತಾಯಿಯನ್ನು ಕರೆದೊಯ್ದಳು.

ನಾಡಿನ ಚರಿತ್ರೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ನದಿ, ಕೆರೆಗಳ ಸೀಮೆಯಲ್ಲಿ ದೋಣಿಯೂ ಬೇಕು, ಅದನ್ನು ನೆಲದ ಮೇಲೆ ಸಾಗಿಸಲೂ ಬೇಕು. ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಉತ್ತರ ಹರಿಗೋಲು. ಬಿದಿರ ಸೀಳಿನಿಂದ ಬುಟ್ಟಿ ಹೆಣೆದು ಹೊರಗೆ ಚರ್ಮ ಹೊದಿಸಿದರೆ ದೋಣಿ ಸಿದ್ಧ. ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಈ ಬುಟ್ಟಿ ದೋಣಿಗಳ ಬಗ್ಗೆ ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತವೆ ಎಂಬುದು ಅವನು ಕಂಡದ್ದು. ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣದ ಹರಿಗೋಲುಗಳನ್ನೇ ಅಧ್ಯಯನ ಮಾಡಿ ಬರೆದ.

ಹರಿಗೋಲಿನ ಜಾಣತನ ನೀರಿನಲ್ಲಿರುವುದಕ್ಕಿಂತ ನೆಲದ ಮೇಲೆ ಹೆಚ್ಚು. ಒಬ್ಬನೇ ಕೂತು ಬಲೆ ಬೀಸುವಷ್ಟು ಚಿಕ್ಕದನ್ನು ಮಗುಚಿ ತಲೆಯ ಮೇಲೆ ಹೊತ್ತು ಏರಿಯ ಮೇಲೆ ನಡೆದುಬಿಡಬಹುದು. ದೂರದಿಂದ ನೋಡಿದರೆ ಒಂದು ದೊಡ್ಡ ಕೊಡೆಗೆ ಎರಡು ಕಾಲು ಬಂದಂತೆ. ಆ ದೋಣಿಗೆ ಗಾಡಿ ಬೇಡ, ಕೊಕ್ಕೆ ಬೇಡ. ದೊಡ್ಡದು ಬೇಕಾದರೆ ಹೊಳೆಯ ದಡದಲ್ಲೇ ಹೆಣೆಯಬಹುದು. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಅಲ್ಲಿ ಅಧಿಕಾರದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ (ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು) 1803ರಲ್ಲಿ ಮರಾಠರ ಮೇಲೆ ಹೊರಟಾಗ ನದಿ ದಾಟಲು ನೆಚ್ಚಿದ್ದು ಚರ್ಮ ಹೊದಿಸಿದ ಈ ಬುಟ್ಟಿ ದೋಣಿಗಳನ್ನೇ. ಮರದ ದೋಣಿಗಳನ್ನು ಮಳೆಗಾಲದ ಕೆಸರಿನಲ್ಲಿ ಎಳೆಸುವುದಕ್ಕಿಂತ ಬಿದಿರು, ಚರ್ಮ ಒದಗಿಸಿ ದಡದಲ್ಲೇ ಕಟ್ಟಿಸುವುದು ಸುಲಭ. ಅಷ್ಟು ದೊಡ್ಡ ಸೈನ್ಯಕ್ಕೂ ಗಾಡಿಯನ್ನು ಹಿಗ್ಗಿಸುವ ಬದಲು ಹೊರೆಯನ್ನು ಕುಗ್ಗಿಸುವ ಉಪಾಯವೇ ಹಿಡಿಸಿತು.

ಆ ಸೈನ್ಯದ ಸಾಮಾನು ಎಳೆಯಲು ಮೈಸೂರಿನ ಎತ್ತುಗಳು ಹೋದವು. ದಿವಾನ್ ಪೂರ್ಣಯ್ಯನವರ ನೆರವೂ ಇತ್ತು. ಈ ಎತ್ತುಗಳ ಖ್ಯಾತಿ ಅದಕ್ಕಿಂತ ಹಳೆಯದು. 1781ರಲ್ಲಿ ಹೈದರಾಲಿ ಚಿದಂಬರದ ರಕ್ಷಣೆಗೆಂದು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದನ್ನು ಅವನ ಎದುರಾಳಿಗಳಾದ ಇಂಗ್ಲಿಷರೇ ಬೆರಗಾಗಿ ಬರೆದಿಟ್ಟರು. ನಮ್ಮ ಸೀಮೆಯ ಹಳ್ಳಿಕಾರ್ ಎತ್ತು ಆ ಅಮೃತಮಹಲ್ ರಾಸುಗಳ ಹತ್ತಿರದ ನೆಂಟ. ಗಾತ್ರದಲ್ಲಿ ಭಾರಿಯೇನಲ್ಲ, ತೆಳು ಮೈ, ಉದ್ದ ಕೊಂಬು, ಚುರುಕು ನಡಿಗೆ. ಎಳೆಯುವ ಶಕ್ತಿ ಮೈಯ ಗಾತ್ರದಲ್ಲಷ್ಟೇ ಇರುವುದಿಲ್ಲ ಎಂಬುದನ್ನು ಅದನ್ನು ನೋಡಿಯೇ ಕಲಿಯಬಹುದು.

ಎಳೆಯುವ ವಿದ್ಯೆಯ ಗುಟ್ಟು ಎತ್ತಿನ ಗಾಡಿಯಲ್ಲಿ ಹೋದ ಯಾವ ಹೆಣ್ಣುಮಗಳಿಗೂ ಗೊತ್ತು. ಹತ್ತುವಾಗಲೇ ಗಾಡಿ ಹೊಡೆಯುವವನು ಕೂಗುತ್ತಾನೆ: ಹಿಂಭಾರ ಆಯಿತು, ಮುಂದೆ ಬನ್ನಿ! ಎಲ್ಲರೂ ಮುಂದೆ ಸರಿದರೆ ಮುಂಭಾರ ಆಯಿತು ಎನ್ನುತ್ತಾನೆ. ಹಿಂದೆ ತೂಕ ಹೆಚ್ಚಾದರೆ ಮೂಕಿ ಮೇಲೆದ್ದು ನೊಗದ ಹಗ್ಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ನೊಗವೇ ಹೆಗಲನ್ನು ಜಜ್ಜುತ್ತದೆ. ನೊಗದ ಮೇಲೆ ಹದವಾಗಿ ಒಂದಿಷ್ಟು ಭಾರ ಕೂತಿರಬೇಕು. ಮೋಟಾರು ವಾಹನಕ್ಕೆ ಕೊಕ್ಕೆ ಹಾಕಿ ಟ್ರೇಲರ್ ಎಳೆಯುವಾಗಲೂ ಇದೇ ನಿಯಮ. ಟ್ರೇಲರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲು ಕೊಕ್ಕೆಯ ಮೇಲೆ ಬೀಳಬೇಕೆನ್ನುತ್ತಾರೆ. ತೀರ ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಹಾವಿನಂತೆ ಹೊರಳುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ.

ಹೊರೆ ದೊಡ್ಡದಾದದ್ದು 1930ರ ದಶಕದಲ್ಲಿ. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯದ ಸೀಮೆಗೆ ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿತು. ರಾಗಿ, ಹುರುಳಿಯ ಹೊಲಗಳಲ್ಲಿ ಕಬ್ಬು ನಿಂತಿತು. ಕಬ್ಬೆಂದರೆ ತೂಕ, ಕಡಿದ ಮೇಲೆ ಕಾಯುವ ಹಾಗಿಲ್ಲ, ಒಣಗಿದಷ್ಟೂ ನಷ್ಟ. ಹಾಗಾಗಿ ಮನೆಯ ಗಾಡಿಯನ್ನು ಅಳೆಯುವ ಅಳತೆಗೋಲೇ ಕಬ್ಬಿನ ಹೊರೆಯಾಯಿತು. ಮರದ ಚಕ್ರದ ಜಾಗಕ್ಕೆ ರಬ್ಬರಿನ ಟೈರು ಬಂತು. ಅದೇ ಜೋಡಿ ಎತ್ತು ಇನ್ನಷ್ಟು ಎಳೆದವು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯನ್ನೇ ಅಧ್ಯಯನದ ವಿಷಯ ಮಾಡಿಕೊಂಡು, ದೇಶದಲ್ಲಿ ಸುಮಾರು ಒಂದೂವರೆ ಕೋಟಿ ಗಾಡಿಗಳಿವೆ ಎಂದು ಲೆಕ್ಕ ಹಾಕಿದರು. ಅವುಗಳನ್ನು ಸುಧಾರಿಸಿ, ಎತ್ತಿನ ಹೆಗಲ ನೋವು ತಗ್ಗಿಸಿ ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಹೆಂಗಸರಿಗೆಂದು ಇದ್ದದ್ದು ಕಮಾನು ಗಾಡಿ. ಹಗುರ ಚಕ್ರ, ಮೇಲೆ ಬಿದಿರ ಚಾಪೆಯ ಕಮಾನು, ಒಳಗೆ ಹುಲ್ಲಿನ ಮೇಲೆ ಜಮಖಾನ. ಎರಡು ಗಾಡಿ ಇಡಬಲ್ಲ ಮನೆಗಳು ಕಡಿಮೆ. ಒಂದೇ ಇಡುವುದಾದರೆ ಉಳಿಯುತ್ತಿದ್ದದ್ದು ಹೊರೆಯ ಗಾಡಿ. ಮದುವೆ, ಜಾತ್ರೆ ಬಂದಾಗ ಅದಕ್ಕೇ ಕಮಾನು ಕಟ್ಟುತ್ತಿದ್ದರು. ಸುಗ್ಗಿಯಲ್ಲಿ ತವರಿಗೆ ಹೋಗಬೇಕೆಂದರೆ ಗಾಡಿ ಬಿಡುವಿಲ್ಲ, ಎತ್ತಿಗೆ ದಣಿವು. ಎತ್ತಿನ ದಣಿವನ್ನು ಕೇಳುತ್ತಿದ್ದರು. ಹೆಣ್ಣಿನ ಆಸೆಯನ್ನು ಕೇಳುವ ರೂಢಿ ಇರಲಿಲ್ಲ. ಮುಂದೆ ಜೀಪು, ಟ್ರ್ಯಾಕ್ಟರು ಬಂದಾಗಲೂ ಲೆಕ್ಕ ಬದಲಾಗಲಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಮದುವೆಗೆ ಹೋದ ನೆನಪು ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಧೂಳು ಕೂತ ರೇಷ್ಮೆ ಸೀರೆಯನ್ನು ಒದರಿಕೊಳ್ಳುತ್ತಾ ಛತ್ರ ಹೊಕ್ಕವರು ನಾವು.

ಲೆಕ್ಕ ತಪ್ಪಿಸಿದ್ದು ಒಂದು ಪುಟ್ಟ ವಾಹನ. 1972ರಲ್ಲಿ ಕೈನೆಟಿಕ್ ಕಂಪೆನಿಯ ಲೂನಾ ಬಂತು. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಬಂತು. ಐವತ್ತು ಸಿ.ಸಿ.ಯ ಎಂಜಿನ್ನು, ಗೇರು ಬದಲಿಸುವ ರಗಳೆಯಿಲ್ಲ. ನಗಲು ಬಂದವರೇ ಕೊಂಡರು. ಮಂಡ್ಯದ ಹಳ್ಳಿಗಳಲ್ಲಿ ಅದು ಹೊರದ ಹೊರೆ ಯಾವುದು? ಹುಲ್ಲಿನ ಕಂತೆ, ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಶಾಲೆಯ ಮಕ್ಕಳು. ಮೀನು ಹಿಡಿಯುವವರು ಹಿಂದೆ ಹರಿಗೋಲನ್ನೇ ಮಗುಚಿ ಕಟ್ಟಿಕೊಂಡು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋದರು. ದೋಣಿ ಒಯ್ಯುವ ಅತಿ ಚಿಕ್ಕ ಕುಟುಂಬ ವಾಹನ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ನಮಗೆ ಮುಖ್ಯವಾದದ್ದು ಬೇರೆ. ಸೀರೆ ಉಟ್ಟೂ ಅದನ್ನು ಓಡಿಸಬಹುದಾಗಿತ್ತು. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮೇಡಂ, ಡೇರಿಗೆ ಹಾಲು ಹಾಕುವವಳು ಯಾರ ಬಿಡುವಿಗೂ ಕಾಯದೆ ಹೊರಟರು. ಮನೆಗೆ ದೊಡ್ಡ ಗಾಡಿ ಬಂದಾಗಲೆಲ್ಲ ನಮಗೆ ಸಿಕ್ಕಿದ್ದು ಹಿಂದಿನ ಸೀಟು. ಚಿಕ್ಕ ಗಾಡಿ ಬಂದಾಗ ಮಾತ್ರ ಮುಂದಿನದು ಸಿಕ್ಕಿತು. ಕಾರಿನಲ್ಲೂ ಹೀಗೆಯೇ ಆಯಿತು. ಅಂಬಾಸಿಡರು, ಜೀಪುಗಳ ಭಾರವಾದ ಸ್ಟೀರಿಂಗಿಗೆ ಅಂಜಿದ್ದ ಎಷ್ಟೋ ಹೆಂಗಸರು ಕಲಿತದ್ದು ಮಾರುತಿ 800ರಲ್ಲಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಅದರ ಮೊದಲ ಗಿರಾಕಿಗೆ ಬೀಗದ ಕೈ ಕೊಟ್ಟರು. 796 ಸಿ.ಸಿ.ಯ ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಕಾರೆಂದರೆ ಮನೆಯಷ್ಟು ದೊಡ್ಡದಿರಬೇಕಿಲ್ಲ ಎಂಬ ತಿಳಿವಳಿಕೆಯನ್ನು ಅದು ಬಿಟ್ಟುಹೋಯಿತು.

ಇನ್ನು ಅಣ್ಣನ ಮನೆಯ ಲೆಕ್ಕ. ದೋಣಿ 150 ಕೆ.ಜಿ., ಅದನ್ನು ಹೊರುವ ಟ್ರೇಲರು ಇನ್ನೊಂದು 150. ಕೊಕ್ಕೆಯ ಮೇಲೆ 30 ಕೆ.ಜಿ. ಬಿದ್ದರೆ ಹದ. ಸಮ ರಸ್ತೆಯಲ್ಲಿ ಚಿಕ್ಕ ಕಾರಿಗೂ ಇಷ್ಟನ್ನು ಎಳೆಯುವುದು ಕಷ್ಟವಾಗಲಿಕ್ಕಿಲ್ಲ. ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಏರಿಯ ಇಳಿಜಾರಿನಲ್ಲಿ ಗಾಡಿ ಎತ್ತನ್ನು ತಳ್ಳುವಂತೆ, ಬ್ರೇಕಿಲ್ಲದ ಟ್ರೇಲರು ಹಗುರ ಕಾರನ್ನು ಹಿಂದಿನಿಂದ ನೂಕುತ್ತದೆ. ಕೆರೆಯಿಂದ ದೋಣಿ ಎತ್ತುವಾಗ ಇನ್ನೊಂದು ತೊಡಕು. ಇಂದಿನ ಚಿಕ್ಕ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಏರು ಹತ್ತುವಾಗ ಭಾರ ಹಿಂದಕ್ಕೆ ಜಾರಿ, ಮುಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆ. ನಾಲ್ಕು ಚಕ್ರಕ್ಕೂ ಬಲ ಕೊಡುವ ಜೀಪು ಗೆಲ್ಲುವುದು ಅಲ್ಲೇ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನವೇ, ನೋಂದಣಿ ಆಗಬೇಕು. ಕಾರಿನ ಕೈಪಿಡಿಯಲ್ಲಿ ಎಷ್ಟು ತೂಕ ಎಳೆಯಬಹುದೆಂದು ಬರೆದಿರದಿದ್ದರೆ ಗ್ಯಾರೇಜಿನವರ ಮಾತು ನಂಬಿ ಕೊಕ್ಕೆ ಬೆಸೆಸುವುದು ಕ್ಷೇಮವಲ್ಲ.

ಇಷ್ಟೆಲ್ಲ ಮಾತನ್ನು ಅತ್ತಿಗೆ ಮೌನವಾಗಿ ಕೇಳಿ, ಕ್ಯಾಲೆಂಡರಿನ ಹಿಂದೆ ಎರಡು ಅಂಕಿ ಬರೆದಳು. ದೋಣಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದು ವರ್ಷಕ್ಕೆ 4 ಸಲ. ತನ್ನ ತಾಯಿ ಮಂಡ್ಯಕ್ಕೆ ಹೋಗುವುದು ವರ್ಷಕ್ಕೆ 104 ಸಲ. ಅದರಾಚೆಗೆ ಅವಳು ವಾದಿಸಲಿಲ್ಲ. ನನಗೆ ತಿಳಿದಂತೆ ನಮ್ಮ ಮನೆತನದಲ್ಲಿ ಗಾಡಿಯ ಆಯ್ಕೆಗೆ ದಿನದ ಓಡಾಟವನ್ನು ಎಣಿಸಿದ್ದು ಅದೇ ಮೊದಲು. ಕೊಂಡದ್ದು ಕೊಕ್ಕೆಯಿಲ್ಲದ ಚಿಕ್ಕ ಕಾರು. ಬಾಗಿಲು ಅಗಲ, ಸೀಟು ಮುದುಕಿಯ ಮೊಣಕಾಲಿನ ಎತ್ತರಕ್ಕೆ. ಅತ್ತಿಗೆಯೇ ಓಡಿಸುತ್ತಾಳೆ. ದೊಡ್ಡ ದೋಣಿ ಒಂದೇ ಕೆರೆಯಲ್ಲಿ ನಿಂತಿತು. ಬೇರೆ ಕೆರೆಗಳಿಗೆ ಹುಡುಗ ಒಂದು ಹರಿಗೋಲು ತಂದ. ಫೈಬರ್ ದೋಣಿ ಕದಲಲೇಬೇಕಾದ ದಿನ ಬಾಡಿಗೆ ಟ್ರ್ಯಾಕ್ಟರು ಇದ್ದೇ ಇದೆ.

ರಸ್ತೆಗಳೂ ಬದಲಾಗುತ್ತಿವೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆ ನಮ್ಮ ಜಿಲ್ಲೆಯಲ್ಲೇ ನಡೆಯಿತು. ಆಗಸ್ಟ್ ಒಂದರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಹಾಲಿನ ಕ್ಯಾನಿನ ಮೊಪೆಡ್ಡಿಗೆ ಪಕ್ಕದ ಸರ್ವಿಸ್ ರಸ್ತೆ. ಅದೇ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಮನೆಯ ಗಾಡಿ ಯಾರ ಕೈಯಲ್ಲೇ ಇರಲಿ, ಬಸ್ಸು ಬರುವ ಊರಿನ ಹೆಣ್ಣುಮಕ್ಕಳು ಕಾಯದೆ ಹೊರಡುವುದು ಇದರಿಂದ ಇನ್ನಷ್ಟು ಹೆಚ್ಚಿತು.

ನಿಮ್ಮ ಮನೆಯಲ್ಲೂ ನಾಳೆ ವಾಹನದ ಮಾತು ಬರಬಹುದು. ದೋಣಿ ಇಲ್ಲದಿದ್ದರೂ ಎಲ್ಲರ ಮನೆಯಲ್ಲೂ ದೋಣಿಯಂಥದ್ದೊಂದು ಇರುತ್ತದೆ: ವರ್ಷಕ್ಕೊಮ್ಮೆ ಬರುವ ಹತ್ತು ಜನ ನೆಂಟರು, ಎಂದೋ ಹೋಗಲಿರುವ ಧರ್ಮಸ್ಥಳದ ಯಾತ್ರೆ. ಅದಕ್ಕಾಗಿ ಗಾಡಿ ದೊಡ್ಡದಾಗುತ್ತದೆ, ಸಾಲ ದೊಡ್ಡದಾಗುತ್ತದೆ, ಬೀಗದ ಕೈ ನಮ್ಮಿಂದ ದೂರವಾಗುತ್ತದೆ. ಬಣ್ಣ ಯಾವುದಿರಲಿ ಎಂದು ಅವರು ಕೇಳುವ ಮೊದಲೇ, ಯಾರು ಎಷ್ಟು ಸಲ ಎಲ್ಲಿಗೆ ಹೋಗುತ್ತಾರೆಂದು ಕ್ಯಾಲೆಂಡರಿನ ಹಿಂದೆ ಬರೆದು ಮುಂದಿಡಿ.