ಹಳ್ಳಿ ಹಳಿಯಾದ ಕತೆ

2008ರ ಜೂನ್ ತಿಂಗಳು. ಪುಣೆಯ ಹಿಂಜೆವಾಡಿಯಲ್ಲಿ ಮಳೆ ಹಿಡಿದು ಕೂತಿತ್ತು. ಎಂ.ಟೆಕ್ ಮುಗಿಸಿ ಈ ಊರಿಗೆ ಬಂದು ನನಗೆ ಮೂರು ವರ್ಷ. ಹೊಸದಾಗಿ ಟೀಮ್ ಲೀಡ್ ಅನ್ನುವ ಹಣೆಪಟ್ಟಿ ಸಿಕ್ಕಿತ್ತು. ನಮ್ಮ ಕೈಯಲ್ಲಿದ್ದದ್ದು ರೈತರ ಸಾಲದ ಅರ್ಜಿ ತುಂಬುವ ಒಂದು ವೆಬ್‌ಸೈಟು. ಇಂಗ್ಲಿಷ್, ಹಿಂದಿ, ಮರಾಠಿ, ಕನ್ನಡ ಹೀಗೆ ನಾಲ್ಕು ಭಾಷೆ. ನಾಲ್ಕಕ್ಕೂ ಸೇರಿ ಒಂದೇ ಸಿಎಸ್ಎಸ್ ಕಡತ. ಅಂದರೆ ಅಕ್ಷರ ಎಷ್ಟು ದೊಡ್ಡದಿರಬೇಕು, ಅದು ಕೂರುವ ಪೆಟ್ಟಿಗೆ ಎಷ್ಟು ಎತ್ತರ ಇರಬೇಕು ಅನ್ನುವ ಲೆಕ್ಕವೆಲ್ಲ ಇಂಗ್ಲಿಷ್ ಪುಟ ನೋಡಿ ಬರೆದದ್ದು. ಅಕ್ಷರ 12 ಪಿಕ್ಸೆಲ್, ಪೆಟ್ಟಿಗೆ 22 ಪಿಕ್ಸೆಲ್, ಪೆಟ್ಟಿಗೆಯಿಂದ ಹೊರಗೆ ಚಾಚಿದ್ದನ್ನು ಕತ್ತರಿಸಿಬಿಡು ಎಂಬ ಆಜ್ಞೆ.

ಒಂದೇ ದಿನ ಎರಡು ಬಗ್ ಬಂದವು. ಹಾಕಿದವಳು ಕೊಲ್ಹಾಪುರ ಕಡೆಯ ಟೆಸ್ಟರ್ ಹುಡುಗಿ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಒತ್ತಿ ಪ್ಲಸ್ ಕೀಲಿಯನ್ನು ಎರಡು ಸಲ ಒತ್ತಿದರೆ ಮರಾಠಿ ಪುಟದಲ್ಲಿ 'ಪುಣೆ'ಯ ಉಕಾರ ಕತ್ತರಿಸಿಹೋಗಿ 'ಪಣೆ' ಆಗುತ್ತದೆ ಅನ್ನುವುದು ಮೊದಲನೆಯದು. ಕನ್ನಡ ಪುಟದಲ್ಲೂ ಕೆಳಗೆ ಏನೋ ಕಾಣೆಯಾಗುತ್ತದೆ ಅನ್ನುವುದು ಎರಡನೆಯದು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹಿಗ್ಗಿಸುವ ಮೊದಲಿನ ಚಿತ್ರ, ಹಿಗ್ಗಿಸಿದ ಮೇಲಿನ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಕಂಡಲ್ಲಿ ಕೆಂಪು ವೃತ್ತ ಎಳೆದಿದ್ದಳು. ವೃತ್ತದೊಳಗೆ 'ಹಳ್ಳಿ' ಹೋಗಿ 'ಹಳಿ' ಆಗಿತ್ತು. 'ಜಿಲ್ಲೆ' 'ಜಿಲೆ' ಆಗಿತ್ತು. 'ಹೊಲದ ಎಲ್ಲೆ' 'ಹೊಲದ ಎಲೆ' ಆಗಿತ್ತು. 'ತಾಲ್ಲೂಕು' ಮಾತ್ರ 'ತಾಲೂಕು' ಆಗಿ ಬಚಾವಾಗಿತ್ತು.

ಮರಾಠಿ ಬಗ್‌ಗೆ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಕ್ಕಿತು. ಕೆಲಸ ಕೊಟ್ಟವರ ಕಚೇರಿ ಪುಣೆಯಲ್ಲೇ ಇತ್ತು. ತಮ್ಮ ಊರಿನ ಹೆಸರನ್ನೇ ಹಾಗೆ ನೋಡಿ ಯಾರು ಸುಮ್ಮನಿರುತ್ತಾರೆ? ಒಂದು ಗಂಟೆಯಲ್ಲಿ 22 ಪಿಕ್ಸೆಲ್ ಪೆಟ್ಟಿಗೆ 26 ಆಯಿತು, ಉಕಾರ ಹೊರಬಂತು. ಆ ನಾಲ್ಕು ಪಿಕ್ಸೆಲ್ ಕನ್ನಡಕ್ಕೆ ಸಾಲಲಿಲ್ಲ. ಒತ್ತಕ್ಷರದ ಮೇಲಂಚು ಮಾತ್ರ ಗೀರಿನ ಹಾಗೆ ಕಾಣುತ್ತಿತ್ತು. ಸಂಜೆ ರಿಲೀಸ್. ಆ ಕೋಣೆಯಲ್ಲಿದ್ದ ಒಬ್ಬನೇ ಕನ್ನಡಿಗ ನಾನು. ಬಗ್‌ನ ದರ್ಜೆಯನ್ನು 'ಕಾಸ್ಮೆಟಿಕ್' ಎಂದು ಬದಲಾಯಿಸಿದವನೂ ನಾನೇ. ಅಂದರೆ ಅಲಂಕಾರದ ದೋಷ, ಪೌಡರ್ ಹೆಚ್ಚುಕಮ್ಮಿ ಆದ ಹಾಗೆ.

ಎರಡು ವಾರ ಕಳೆದು ನೋಡಿದರೆ ಬಗ್ ಕಾಣಿಸಲೇ ಇಲ್ಲ. ಕೋಡ್ ಯಾರೂ ಮುಟ್ಟಿರಲಿಲ್ಲ. 'ಮತ್ತೆ ಕಾಣಿಸುತ್ತಿಲ್ಲ' ಎಂದು ಷರಾ ಬರೆದು ಮುಚ್ಚಿದೆ. ನಿರಾಳವಾಯಿತು.

ಅದು ಯಾಕೆ ಮಾಯವಾಯಿತು ಅಂತ ಆಗ ನಾನು ಯೋಚಿಸಲಿಲ್ಲ. ಹನ್ನೊಂದು ವರ್ಷದ ನಂತರ ಯೋಚಿಸಬೇಕಾಗಿ ಬಂತು. ಅದನ್ನು ಹೇಳುವ ಮೊದಲು 'ಝೂಮ್' ಅನ್ನುವ ಈ ಸಣ್ಣ ಸೌಲಭ್ಯ ಎಲ್ಲಿಂದ ಬಂತು ಅಂತ ನೋಡಬೇಕು.

ಹೋಕನ್ ವಿಯಮ್ ಲೀ 1994ರ ಅಕ್ಟೋಬರ್‌ನಲ್ಲಿ ಸಿಎಸ್ಎಸ್‌ನ ಮೊದಲ ಪ್ರಸ್ತಾವನೆ ಮುಂದಿಟ್ಟಾಗ ಅದರಲ್ಲಿ ಒಂದು ಉದಾರ ಕಲ್ಪನೆಯಿತ್ತು. ಪುಟ ಹೇಗೆ ಕಾಣಬೇಕು ಅನ್ನುವುದರಲ್ಲಿ ಬರೆದವನಿಗೂ ಮಾತಿದೆ, ಓದುವವನಿಗೂ ಮಾತಿದೆ. ಇಬ್ಬರ ಇಷ್ಟವನ್ನೂ ಬ್ರೌಸರ್ ಹೊಂದಿಸಬೇಕು. ನಡೆದದ್ದು ಬೇರೆ. ಮುದ್ರಣದಿಂದ ಬಂದ ವಿನ್ಯಾಸಕಾರರು ಪರದೆಯನ್ನೂ ಕಾಗದ ಎಂದುಕೊಂಡು ಎಲ್ಲವನ್ನೂ ಪಿಕ್ಸೆಲ್‌ನಲ್ಲಿ ಮೊಳೆ ಹೊಡೆದು ಕೂರಿಸಿದರು. 2001ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಅಕ್ಷರದ ಗಾತ್ರಕ್ಕೆ ಐದು ಮೆಟ್ಟಿಲುಗಳಿದ್ದವು, ನಿಜ. ಆದರೆ ಗಾತ್ರವನ್ನು ಪಿಕ್ಸೆಲ್‌ನಲ್ಲಿ ಬರೆದಿದ್ದರೆ ಆ ಐದೂ ಮೆಟ್ಟಿಲು ದಂಡ, ಅಕ್ಷರ ಅಲುಗಾಡುತ್ತಿರಲಿಲ್ಲ. ನಮ್ಮ ಗ್ರಾಹಕರ ಕಚೇರಿಯಲ್ಲಿದ್ದದ್ದು ಅದೇ ಬ್ರೌಸರ್. ಹಾಗಾಗಿ ಅವರ ಕಣ್ಣಿಗೆ ಕನ್ನಡದ ದೋಷ ಬೀಳುವ ಸಂಭವವೇ ಇರಲಿಲ್ಲ. ಇದೂ ನನಗೆ ಆ ದಿನ ಧೈರ್ಯ ಕೊಟ್ಟಿತ್ತು.

ಮೊಜಿಲ್ಲಾದವರದು ಬೇರೆ ದಾರಿ. ಪಿಕ್ಸೆಲ್‌ನಲ್ಲಿ ಬರೆದಿದ್ದರೂ ಓದುವವನು ಕೇಳಿದರೆ ಅಕ್ಷರವನ್ನು ಹಿಗ್ಗಿಸುತ್ತಿದ್ದರು. ಆದರೆ ಅಕ್ಷರವನ್ನು ಮಾತ್ರ. ಪೆಟ್ಟಿಗೆ ಇದ್ದ ಹಾಗೆಯೇ ಇರುತ್ತಿತ್ತು. ಮಗ ಬೆಳೆದ, ಅಂಗಿ ಬೆಳೆಯಲಿಲ್ಲ. ಮೂರನೆಯ ದಾರಿ ನಾರ್ವೆಯ ಒಪೆರಾದ್ದು: ಚಿತ್ರ, ಪೆಟ್ಟಿಗೆ, ಅಕ್ಷರ ಎಲ್ಲವೂ ಒಟ್ಟಿಗೆ ಹಿಗ್ಗುವುದು. ಇದನ್ನು ಅವರು ಉಳಿದವರಿಗಿಂತ ಎಷ್ಟೋ ಮೊದಲೇ ಮಾಡಿದ್ದರು, ಬಳಸುವವರು ಕಡಿಮೆ ಇದ್ದರು ಅಷ್ಟೇ. 2006ರ ಅಕ್ಟೋಬರ್‌ನಲ್ಲಿ ಎಕ್ಸ್‌ಪ್ಲೋರರ್ 7 ಅದೇ ದಾರಿ ಹಿಡಿಯಿತು, ಅಡ್ಡಾದಿಡ್ಡಿಯಾಗಿ; 2009ರ ಎಕ್ಸ್‌ಪ್ಲೋರರ್ 8ರಲ್ಲಿ ಅದನ್ನು ಹೊಸದಾಗಿ ಕಟ್ಟಬೇಕಾಯಿತು. 2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಬಂತು. ಒಂದೇ ದಿನ 80 ಲಕ್ಷಕ್ಕೂ ಹೆಚ್ಚು ಜನ ಇಳಿಸಿಕೊಂಡು ಗಿನ್ನೆಸ್ ದಾಖಲೆಯಾಯಿತು. ಅದರಲ್ಲಿ ಕಂಟ್ರೋಲ್-ಪ್ಲಸ್ ಒತ್ತಿದರೆ ಇಡೀ ಪುಟ ಹಿಗ್ಗುತ್ತಿತ್ತು. 'ಅಕ್ಷರ ಮಾತ್ರ ಹಿಗ್ಗಿಸು' ಅನ್ನುವ ಹಳೆಯ ಆಯ್ಕೆಯನ್ನು ಮೆನುವಿನ ಒಳಗೆ ಉಳಿಸಿದರು, ಇವತ್ತಿಗೂ ಇದೆ.

ನಮ್ಮ ಟೀಮಿನ ಯಂತ್ರಗಳಿಗೆ ಫೈರ್‌ಫಾಕ್ಸ್ 3 ಬಂದದ್ದೇ ಬಗ್ ಮಾಯವಾದದ್ದಕ್ಕೆ ಕಾರಣ. ನೂರಕ್ಕೆ ನೂರರಲ್ಲಿ 22 ಪಿಕ್ಸೆಲ್ ಒಳಗೆ ಹೇಗೋ ಮುದುಡಿ ಕೂತಿದ್ದ 'ಹಳ್ಳಿ', ಪೆಟ್ಟಿಗೆಯೂ ಜೊತೆಗೇ ಬೆಳೆದಾಗ ಹಾಗೇ ಕೂತಿತು. ದೋಷ ಹೋಗಿರಲಿಲ್ಲ, ಅದನ್ನು ನೋಡುವ ಕಿಟಕಿ ಮುಚ್ಚಿತ್ತು.

ಇಡೀ ಪುಟ ಹಿಗ್ಗುವುದಕ್ಕೂ ಅದರದೇ ರೋಗಗಳಿದ್ದವು. 50 ಪಿಕ್ಸೆಲ್ ಅಗಲದ ಜಾಗವನ್ನು ನಾಲ್ಕು ಸಮಭಾಗ ಮಾಡಿ ಎಂದರೆ ಒಂದೊಂದು ಪಾಲು ಹನ್ನೆರಡೂವರೆ. ಅರ್ಧ ಪಿಕ್ಸೆಲ್ ಅನ್ನುವುದು ಪರದೆಯ ಮೇಲೆ ಇಲ್ಲ. ಆ ಕಾಲದ ಎಕ್ಸ್‌ಪ್ಲೋರರ್ ನಾಲ್ಕನ್ನೂ 13 ಮಾಡುತ್ತಿತ್ತು. ಒಟ್ಟು 52 ಆಗಿ ಕೊನೆಯದು ಜಾಗ ಸಾಲದೆ ಕೆಳಗಿನ ಸಾಲಿಗೆ ಬೀಳುತ್ತಿತ್ತು. ಸಫಾರಿ, ಒಪೆರಾ 12 ಮಾಡಿ ಬಲಗಡೆ ಸಂದು ಬಿಡುತ್ತಿದ್ದವು. ಫೈರ್‌ಫಾಕ್ಸ್ ಒಂದು ಪಿಕ್ಸೆಲ್‌ಅನ್ನು 60 ಚೂರು ಮಾಡಿ ಲೆಕ್ಕ ಇಟ್ಟು, ಕೆಲವಕ್ಕೆ 12, ಕೆಲವಕ್ಕೆ 13 ಹಂಚುತ್ತಿತ್ತು. ಹಿಗ್ಗಿಸಿದ ಪ್ರತಿ ಸಲವೂ ಇಂಥ ಭಿನ್ನಾಂಕಗಳು ಹುಟ್ಟುತ್ತವೆ. 110ರಲ್ಲಿ ಸರಿಯಿದ್ದ ಮೆನು 125ರಲ್ಲಿ ಮುರಿಯುವುದು, 150ಕ್ಕೆ ಹೋದರೆ ಮತ್ತೆ ಸರಿಯಾಗುವುದು ಇದರಿಂದಲೇ. ಇಂಥದ್ದನ್ನು ಹುಡುಕುತ್ತಾ ಕಳೆದ ಶನಿವಾರಗಳ ಲೆಕ್ಕ ನನ್ನ ಹೆಂಡತಿಯ ಹತ್ತಿರ ಇದೆ.

ಆದರೆ ಒತ್ತಕ್ಷರ ಕಾಣೆಯಾಗುವುದು ಭಿನ್ನಾಂಕದ ತಪ್ಪಲ್ಲ. ಅದಕ್ಕೆ ಲಿಪಿಯ ಕಡೆಗೇ ಬರಬೇಕು, ಈ ವಿಷಯದಲ್ಲಿ ಪುಣೆಗೆ ದೊಡ್ಡ ಪಾತ್ರ ಇದೆ. 1988ರಲ್ಲಿ ಶುರುವಾದ ಸಿ-ಡ್ಯಾಕ್ ಇಲ್ಲಿಯದೇ. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು ಇಲ್ಲಿ. ಭಾರತೀಯ ಲಿಪಿಗಳಿಗೆ ಸಂಕೇತ ಕೊಟ್ಟ ಇಸ್ಕಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಯೂನಿಕೋಡ್‌ನ ಕನ್ನಡ ವಿಭಾಗಕ್ಕೆ ಅದರ 1988ರ ರೂಪವೇ ಅಡಿಪಾಯ. ನಮ್ಮ ಪ್ರಕಾಶಕರು, ಡಿಟಿಪಿ ಅಂಗಡಿಯವರು ದಶಕಗಳ ಕಾಲ ಬಳಸಿದ ಶ್ರೀಲಿಪಿ ಕೂಡ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನದು. ಗಣೇಶಖಿಂಡ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ಪುಣೆಯನ್ನು ಬೈಯುವಾಗ, ಊರಲ್ಲಿ ಅಪ್ಪ ಓದುವ ಎಷ್ಟೋ ಪುಸ್ತಕಗಳ ಅಕ್ಷರ ಇಲ್ಲಿಂದಲೇ ಹೋದದ್ದು ಅಂತ ನೆನಪಾಗಿ ಸುಮ್ಮನಾಗಿದ್ದೇನೆ.

ಡಿಟಿಪಿಯಲ್ಲಿ ಒಂದು ಅನುಕೂಲವಿತ್ತು. ಸಾಲಿನ ನಡುವಿನ ಅಂತರವನ್ನು ಆಪರೇಟರ್ ಕಣ್ಣಳತೆಯಲ್ಲಿ ಹೊಂದಿಸುತ್ತಿದ್ದ, ಒತ್ತು ಕೆಳಸಾಲಿಗೆ ತಾಗಿದರೆ ಒಂದು ಪಾಯಿಂಟ್ ಸಡಿಲಿಸುತ್ತಿದ್ದ. ಅಚ್ಚಾದ ಮೇಲೆ ಓದುವವನು ಅದನ್ನು ಹಿಗ್ಗಿಸುವ ಮಾತೇ ಇಲ್ಲ. ವೆಬ್‌ನಲ್ಲಿ ಆ ಆಪರೇಟರ್ ಇಲ್ಲ. 1996ರ ಡಿಸೆಂಬರ್‌ನಲ್ಲಿ ಯು.ಬಿ. ಪವನಜರು ವಿಶ್ವಕನ್ನಡ ಶುರು ಮಾಡಿದ ಕಾಲದಿಂದ ಹಲವು ವರ್ಷ ಕನ್ನಡದ ಪುಟಗಳು ಒಂದೊಂದು ಫಾಂಟಿಗೆ ಒಂದೊಂದು ಸಂಕೇತ ಅನ್ನುವ ಸ್ಥಿತಿಯಲ್ಲಿದ್ದವು. ಆ ಫಾಂಟುಗಳಲ್ಲಿ ಅಕ್ಷರದ ಒಡಲು, ಗುಣಿತದ ಕೊಂಬು, ಒತ್ತು ಎಲ್ಲ ಬೇರೆಬೇರೆ ಚೂರುಗಳು. ತಲೆನೋವು ಬೇಡ ಅಂತ ಶೀರ್ಷಿಕೆಗಳನ್ನು ಚಿತ್ರ ಮಾಡಿ ಅಂಟಿಸುತ್ತಿದ್ದವರೂ ಇದ್ದರು. ಅಕ್ಷರ ಹಿಗ್ಗಿಸಿದರೆ ಚಿತ್ರ ಹಿಗ್ಗುತ್ತಿರಲಿಲ್ಲ. ಶೀರ್ಷಿಕೆಗಿಂತ ಸುದ್ದಿಯೇ ದೊಡ್ಡದಾಗಿ ಕಾಣುತ್ತಿತ್ತು.

2001ರ ವಿಂಡೋಸ್ ಎಕ್ಸ್‌ಪಿಯ ಜೊತೆ 'ತುಂಗಾ' ಬಂತು. ಯೂನಿಕೋಡ್ ಕನ್ನಡ ಓದಿದ ನಮ್ಮ ಪೀಳಿಗೆಯ ಬಹಳ ಜನ ಮೊದಲು ನೋಡಿದ್ದು ಅದನ್ನೇ. 'ಎಷ್ಟು ಸಣ್ಣಗಿದೆಯಪ್ಪಾ' ಅಂತ ಗೊಣಗದವರಿಲ್ಲ. ಇಂಗ್ಲಿಷ್ ಆರಾಮಾಗಿ ಓದಬಹುದಾದ 12 ಪಿಕ್ಸೆಲ್‌ನಲ್ಲಿ ತುಂಗಾ ಇರುವೆ ಸಾಲು. ಕಾರಣ ಸರಳ. ಅಕ್ಷರದ ಗಾತ್ರ ಎಂದರೆ ಅಕ್ಷರದ ಎತ್ತರ ಅಲ್ಲ, ಅದು ಕೂರುವ ಅಚ್ಚಿನ ಎತ್ತರ. ಇಂಗ್ಲಿಷಿನಲ್ಲಿ ಆ ಅಚ್ಚಿನ ಬಹುಪಾಲು ಗೆರೆಯ ಮೇಲಿದೆ. ಕೆಳಗೆ ಇಳಿಯುವುದು ಜಿ, ವೈ ಥರದ ಕೆಲವರ ಬಾಲ ಮಾತ್ರ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, 'ರಾಷ್ಟ್ರ' 'ಸ್ತ್ರೀ' ಬಂದರೆ ಒತ್ತಿನ ಮೇಲೆ ಇನ್ನೊಂದು ಒತ್ತು. ಎಲ್ಲರಿಗೂ ಜಾಗ ಕೊಟ್ಟು ಮಿಕ್ಕಿದ್ದರಲ್ಲಿ ಒಡಲು ಕೂರಬೇಕು. ಹಾಗಾಗಿ ಕನ್ನಡಿಗ ಪುಟ ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಹಿಗ್ಗಿಸುವುದು.

ಎರಡನೆಯ ಮಾತು ಇನ್ನೂ ಮುಖ್ಯ. ಜಿ ಅಕ್ಷರದ ಬಾಲ ಕತ್ತರಿಸಿದರೂ ಇಂಗ್ಲಿಷ್ ಓದಬಹುದು. ದೇವನಾಗರಿಯಲ್ಲಿ ಅರ್ಧಾಕ್ಷರ ಹೆಚ್ಚಾಗಿ ಅಡ್ಡಕ್ಕೆ ಜೋಡಿಕೊಳ್ಳುತ್ತದೆ. ಬುಡ ಕತ್ತರಿಸಿದರೆ ಉಕಾರದಂಥವು ಹೋಗುತ್ತವೆ. ನಮ್ಮಲ್ಲಿ, ತೆಲುಗಿನವರಲ್ಲಿ ಬುಡದಲ್ಲಿರುವುದು ಒಂದು ಇಡೀ ವ್ಯಂಜನ. ಅದು ಹೋದರೆ ಪದ ವಿಕಾರವಾಗುವುದಿಲ್ಲ, ಬೇರೆ ಪದವಾಗುತ್ತದೆ. ಕತ್ತೆ ಕತೆಯಾಗುತ್ತದೆ, ಬಳ್ಳಿ ಬಳಿಯಾಗುತ್ತದೆ. ಓದುವವನಿಗೆ ಏನೋ ಕಳೆದುಹೋಗಿದೆ ಎಂಬ ಸುಳಿವೂ ಸಿಗುವುದಿಲ್ಲ. ನಾನು ಅಲಂಕಾರದ ದೋಷ ಎಂದದ್ದು ಇದನ್ನು.

ಸರಿಪಡಿಸಲು ಬೇಕಿದ್ದದ್ದು ಅರ್ಧ ಗಂಟೆಯ ಕೆಲಸ. ಪೆಟ್ಟಿಗೆಗೆ 'ಇಷ್ಟೇ ಎತ್ತರ' ಅನ್ನುವ ಬದಲು 'ಕನಿಷ್ಠ ಇಷ್ಟು ಎತ್ತರ' ಅನ್ನಬೇಕು. ಸಾಲಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬರೆಯದೆ ಅಕ್ಷರದ ಒಂದೂಮುಕ್ಕಾಲು ಪಟ್ಟು ಅಂತಲೋ ಏನೋ ಬರೀ ಗುಣಕವಾಗಿ ಬರೆಯಬೇಕು, ಆಗ ಅಕ್ಷರ ಬೆಳೆದ ಹಾಗೆ ಸಾಲೂ ಬೆಳೆಯುತ್ತದೆ. ಕತ್ತರಿಸುವ ಆಜ್ಞೆ ತೆಗೆಯಬೇಕು. ಪುಟದ ಭಾಷೆ ಕನ್ನಡ ಅಂತ ಬ್ರೌಸರಿಗೆ ಹೇಳಿ, ಕನ್ನಡಕ್ಕೆ ಮಾತ್ರ ಬೇರೆ ಗಾತ್ರ ಕೊಡಬೇಕು. ಇದ್ಯಾವುದೂ 2008ರಲ್ಲಿ ಗೊತ್ತಿಲ್ಲದ ವಿದ್ಯೆ ಆಗಿರಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಡಬ್ಲ್ಯು3ಸಿಯ ಸುಗಮ್ಯತೆಯ ಮಾರ್ಗಸೂಚಿ, ಎರಡನೇ ಆವೃತ್ತಿ, ಹೊರಬಂತು. ಅಕ್ಷರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿದರೂ ವಿಷಯ ಕಳೆದುಹೋಗಬಾರದು ಎಂದು ಅದು ಹೇಳುತ್ತದೆ. ಆದರೆ ಬ್ರೌಸರಿನ ಪುಟ-ಝೂಮ್‌ನಲ್ಲಿ ಸರಿಯಿದ್ದರೆ ಪಾಸು ಅಂತ ವಾದಿಸಲು ಅದರಲ್ಲಿ ಎಡೆಯಿದೆ. ಆ ವಾದದ ಪ್ರಕಾರ ನಾನು ಬಗ್ ಮುಚ್ಚಿದ್ದು ಇವತ್ತಿಗೂ ನಿಯಮಬದ್ಧವೇ.

ಅಷ್ಟರಲ್ಲಿ ಜನ ಕಂಪ್ಯೂಟರ್ ಬಿಟ್ಟು ಫೋನಿಗೆ ಹೋದರು. 2007ರ ಐಫೋನ್ ಇಡೀ ಪುಟವನ್ನು 980 ಪಿಕ್ಸೆಲ್ ಅಗಲದ್ದು ಅಂತ ಭಾವಿಸಿ ಕುಗ್ಗಿಸಿ ತೋರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿಕೊಳ್ಳಿ ಅಂದಿತು. ನಮ್ಮಂಥವರು ವಿನ್ಯಾಸ ಕೆಡುತ್ತದೆ ಅಂತ ಆ ಹಿಗ್ಗಿಸುವುದನ್ನೇ ಒಂದು ಸಾಲಿನ ಕೋಡಿನಲ್ಲಿ ಬಂದ್ ಮಾಡಿದೆವು. ಕೊನೆಗೆ 2016ರಲ್ಲಿ ಐಓಎಸ್ 10ರ ಸಫಾರಿ ಆ ಸಾಲನ್ನು ಕಡೆಗಣಿಸಿ ಓದುವವನ ಪಕ್ಷ ವಹಿಸಿತು. ಆಂಡ್ರಾಯ್ಡ್‌ನಲ್ಲಿ ಕನ್ನಡ ಬಂದದ್ದು 2012ರ 4.1ರಲ್ಲಿ. ಅದರ ಸೆಟ್ಟಿಂಗ್ಸ್‌ನಲ್ಲಿ 'ಫಾಂಟ್ ಗಾತ್ರ' ಅಂತ ಒಂದು ಪಟ್ಟಿ ಇದೆಯಲ್ಲ, ಅದನ್ನು ದೊಡ್ಡದು ಮಾಡಿದರೆ ಆ್ಯಪ್‌ಗಳ ಒಳಗೆ ತೆರೆಯುವ ವೆಬ್ ಪುಟಗಳಲ್ಲಿ ಅಕ್ಷರ ಮಾತ್ರ ಹಿಗ್ಗುತ್ತದೆ, ಪಿಕ್ಸೆಲ್‌ನಲ್ಲಿ ಬರೆದ ಪೆಟ್ಟಿಗೆ ಹಿಗ್ಗುವುದಿಲ್ಲ. ಮೊಜಿಲ್ಲಾದವರು 2008ರಲ್ಲಿ ಬಿಟ್ಟ ದಾರಿಯೇ ಹೀಗೆ ಫೋನಿನಲ್ಲಿ ಮತ್ತೆ ತೆರೆಯಿತು.

2019ರ ಒಂದು ಮಧ್ಯಾಹ್ನ ಮೀಟಿಂಗಿನ ನಡುವೆ ಗದಗಿನಿಂದ ಅಪ್ಪನ ಫೋನು. ಬೆಳೆವಿಮೆಗೋ ಸಾಲಕ್ಕೋ ಒಂದು ಆ್ಯಪ್‌ನಲ್ಲಿ ಅರ್ಜಿ ತುಂಬುತ್ತಿದ್ದರು.

"ಏನಪಾ, ಇದರಾಗ 'ಹಳಿ ಆರಿಸಿ' ಅಂತ ಐತಿ. ಗದಗಿನ ರೈಲ್ವೆ ಹಳಿ ಆರಿಸಬೇಕೋ, ಹೊಂಬಳದ್ದೋ?"

"ಅಪ್ಪಾ, ಅದು ಹಳ್ಳಿ ಇರಬೇಕು."

"ಹಳ್ಳಿ ಅಂದ್ರ ಒತ್ತು ಎಲ್ಲೈತಿ?"

ಸ್ಕ್ರೀನ್‌ಶಾಟ್ ಕಳಿಸಲು ಹೇಳಿದೆ. ಬಂತು. ನೀಲಿ ಪಟ್ಟಿಯ ಕೆಳಗಂಚಿನಲ್ಲಿ ಒತ್ತಕ್ಷರದ ಮೇಲ್ತುದಿ, ಗೀರಿನ ಹಾಗೆ. ಆ ಆ್ಯಪ್ ನಮ್ಮದಲ್ಲ, ನಾನು ಕೆಲಸ ಮಾಡಿದ ಯಾವ ಕಂಪನಿಯದೂ ಅಲ್ಲ. ಆದರೂ ಹನ್ನೊಂದು ವರ್ಷದ ಹಿಂದಿನ ಕೆಂಪು ವೃತ್ತ ಕಣ್ಣ ಮುಂದೆ ಬಂತು. ಅವತ್ತು ರಾತ್ರಿ ಕೂತು ಅವರ ಸಹಾಯ ವಿಭಾಗಕ್ಕೆ ಉದ್ದದ ಮಿಂಚಂಚೆ ಬರೆದೆ. ಯಾವ ಪೆಟ್ಟಿಗೆ, ಯಾವ ಆಜ್ಞೆ, ಏನು ಬದಲಾಯಿಸಬೇಕು, ಎಲ್ಲ. ನಾಲ್ಕು ದಿನದ ಮೇಲೆ ಉತ್ತರ ಬಂತು: ದಯವಿಟ್ಟು ತಮ್ಮ ಫೋನಿನ ಫಾಂಟ್ ಗಾತ್ರವನ್ನು 'ಸಾಮಾನ್ಯ'ಕ್ಕೆ ಇಟ್ಟುಕೊಂಡು ಬಳಸಿ.

ಅಪ್ಪ ಹಾಗೇ ಮಾಡಿದರು. ಫಾಂಟ್ ಸಣ್ಣದು ಮಾಡಿಕೊಂಡು, ಪಂಚಾಂಗ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಎಡಗೈಯಲ್ಲಿ ಫೋನಿನ ಮೇಲೆ ಹಿಡಿದು, ಬಲಗೈಯಲ್ಲಿ ಅರ್ಜಿ ತುಂಬಿ ಮುಗಿಸಿದರು.