ಒಂದೇ ತಾಲೂಕು, ಎರಡು ಥರದ ಕಾಗದ

ಮೈಸೂರಿನಿಂದ ಮಡಿಕೇರಿಗೆ ಹೋಗುವವರಲ್ಲಿ ಬೈಲಕುಪ್ಪೆಯಲ್ಲಿ ಗಾಡಿ ನಿಲ್ಲಿಸದೆ ಹೋಗುವವರು ಕಮ್ಮಿ. ಗೋಲ್ಡನ್ ಟೆಂಪಲ್ ಎದುರು ಫೋಟೋ, ಒಂದು ಪ್ಲೇಟ್ ಮೋಮೊ, ಒಂದು ಸ್ವೆಟರ್ ಚೌಕಾಸಿ. ಆಮೇಲೆ ಗಾಡಿ ಹತ್ತುವಾಗ ಒಂದು ಮಾತು ಗ್ಯಾರಂಟಿ: "ನೋಡ್ರಪ್ಪಾ, ಬರಿಗೈಲಿ ಬಂದೋರು ಹೆಂಗೆ ಬೆಳೆದವ್ರೆ!"

ನಮ್ಮ ರಾವಂದೂರಿನ ಕಡೆ ಈ ಮಾತಿಗೆ ಒಂದು ಬಾಲ ಇದೆ. "ಅದೇ ಆ ಜೇನುಕುರುಬ್ರಿಗೆ ಸರ್ಕಾರ ಎಷ್ಟು ಕೊಟ್ರೂ ಅಷ್ಟೇ. ಕಷ್ಟಪಡೋ ಬುದ್ಧಿ ಇಲ್ಲ."

ಟೀ ಅಂಗಡಿಯಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಅಂತ ಸ್ವಲ್ಪ ಇತಿಹಾಸ ಕೆದಕಿ ನೋಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲು ಜಾಗದ ಪರಿಚಯ. ರಾವಂದೂರು ಪಿರಿಯಾಪಟ್ಟಣ ತಾಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ. ಇದೇ ತಾಲೂಕಿನ ಪಶ್ಚಿಮಕ್ಕೆ, ಕುಶಾಲನಗರದ ಪಕ್ಕ, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳು. ದಕ್ಷಿಣಕ್ಕೆ ನಾಗರಹೊಳೆ ಕಾಡು. ಆ ಕಾಡಿನ ಅಂಚಿನಲ್ಲಿ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ತಾಲೂಕುಗಳ ಉದ್ದಕ್ಕೂ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳು. ಕ್ಯಾಂಪಿನಿಂದ ಹಾಡಿಗೆ ಬೈಕಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು, ಅಷ್ಟು ಹತ್ತಿರ. ಆದರೆ ಬದುಕಿನ ಮಟ್ಟದಲ್ಲಿ ಎಷ್ಟು ದೂರ!

ಈಗ ಟಿಬೆಟನ್ನರ ಕಥೆ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ. ಮೊದಮೊದಲು ಅವರಲ್ಲಿ ಬಹಳ ಜನಕ್ಕೆ ಸಿಕ್ಕಿದ್ದು ಹಿಮಾಲಯದ ರಸ್ತೆ ಕೆಲಸ. ಇವರನ್ನು ಒಟ್ಟಾಗಿ ನೆಲೆ ನಿಲ್ಲಿಸಲು ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ನಮ್ಮ ಆಗಿನ ಮೈಸೂರು ರಾಜ್ಯ. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಗುರುತಾಯಿತು. 1960-61ರಲ್ಲಿ ಲುಗ್ಸುಂಗ್ ಸಾಮ್‌ಡುಪ್ಲಿಂಗ್ ಎಂಬ ಮೊದಲ ವಸತಿ ಶುರುವಾಯಿತು. 1969ರಲ್ಲಿ ಪಕ್ಕದಲ್ಲೇ ಎರಡನೆಯದು, ಡಿಕ್ಯಿ ಲಾರ್ಸೊ. ಆಮೇಲೆ ಹುಣಸೂರು ತಾಲೂಕಿನ ಗುರುಪುರ. ಅತ್ತ ಉತ್ತರ ಕನ್ನಡದ ಮುಂಡಗೋಡು, ಇತ್ತ ಕೊಳ್ಳೇಗಾಲದ ಒಡೆಯರಪಾಳ್ಯ.

ಅವರಿಗೆ ಕಷ್ಟ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಚಳಿ ನಾಡಿನವರು ಇಲ್ಲಿನ ಸೆಖೆಗೆ ಬಿದ್ದರು. ಕಾಡು ಕಡಿದು ಗದ್ದೆ ಮಾಡಬೇಕಿತ್ತು, ರಾತ್ರಿ ಆನೆ ಕಾಟ, ಜೊತೆಗೆ ರೋಗರುಜಿನ. 1963ರಲ್ಲಿ ಪೆನೊರ್ ರಿನ್ಪೊಚೆ ನಾಮ್‌ಡ್ರೊಲಿಂಗ್ ಮಠ ಶುರು ಮಾಡಿದಾಗ ಅದು ಬಿದಿರಿನ ಕಟ್ಟಡ. ನಾವು ಫೋಟೋ ತೆಗೆಸಿಕೊಳ್ಳುವ ಗೋಲ್ಡನ್ ಟೆಂಪಲ್ ಆದದ್ದು 1999ರಲ್ಲಿ. ನಡುವೆ 36 ವರ್ಷ ಇದೆ ನೋಡಿ.

ಆದರೆ ಆ ಕಷ್ಟದ ಜೊತೆಗೆ ಏನೇನಿತ್ತು ಅಂತಲೂ ಪಟ್ಟಿ ಮಾಡಬೇಕು.

ಒಂದು, ಭೂಮಿ ಸಿಕ್ಕಿದ್ದು ಇಡೀ ಸಮುದಾಯಕ್ಕೆ, ಒಂದೇ ಕಡೆ. ಚೆದುರಿ ಹೋಗಲಿಲ್ಲ. ಎರಡು, ಸಹಕಾರ ಸಂಘ ಬಂತು. ಬೀಜ, ಗೊಬ್ಬರ, ಟ್ರ್ಯಾಕ್ಟರು, ಮಾರಾಟ ಎಲ್ಲಾ ಅದರ ಮೂಲಕ. ಸಾಲಕ್ಕೆ ಊರಿನ ಸಾಹುಕಾರನ ಬಾಗಿಲು ಕಾಯುವ ಗತಿ ಬರಲಿಲ್ಲ. ಮೂರು, ಶಾಲೆ. ಟಿಬೆಟನ್ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಶಾಲಾ ಆಡಳಿತ ಮಂಡಳಿ ಮಾಡಿತು. ಮಕ್ಕಳು ತಮ್ಮ ಭಾಷೆಯನ್ನೂ ಕಲಿತರು, ಇಂಗ್ಲಿಷನ್ನೂ ಕಲಿತರು. ನಾಲ್ಕು, ಹೊರಗಿನ ನೆರವು. ಸ್ವಿಟ್ಜರ್ಲೆಂಡ್ ಸೇರಿದಂತೆ ಹಲವು ದೇಶಗಳಿಂದ ಹಣ, ತಜ್ಞರು ಬಂದರು. ಐದು, ಇವರದೇ ಆಡಳಿತ. ಧರ್ಮಶಾಲೆಯಿಂದ ಕ್ಯಾಂಪಿನ ಮುಖಂಡನವರೆಗೆ ಒಂದು ವ್ಯವಸ್ಥೆ. ಜಿಲ್ಲಾಧಿಕಾರಿ ಹತ್ತಿರ ಮಾತಾಡಲು ಒಬ್ಬ ಪ್ರತಿನಿಧಿ ಯಾವಾಗಲೂ ಇದ್ದ.

ಇದರ ಜೊತೆ ಹುಟ್ಟಿದ್ದು ಮೈರಾಡ. ಬಹಳ ಜನಕ್ಕೆ ಗೊತ್ತಿಲ್ಲ, 1968ರಲ್ಲಿ ಈ ಸಂಸ್ಥೆ ಶುರುವಾದದ್ದೇ ಟಿಬೆಟನ್ನರ ಪುನರ್ವಸತಿಗಾಗಿ. ಹೆಸರಿನಲ್ಲೇ ಮೈಸೂರು, ಪುನರ್ವಸತಿ, ಅಭಿವೃದ್ಧಿ ಮೂರೂ ಇದೆ. ಆ ಕೆಲಸ ಮುಗಿಯುತ್ತಾ ಬಂದ ಮೇಲೆ, 1980ರ ದಶಕದಲ್ಲಿ ಅದು ಎಚ್.ಡಿ. ಕೋಟೆಯಂಥ ಕಡೆ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. ಇವತ್ತು ಊರೂರಲ್ಲಿರುವ ಸ್ವಸಹಾಯ ಸಂಘಗಳ ಹಿಂದೆ ಮೈರಾಡದ ಆ ಪ್ರಯೋಗಗಳೂ ಇವೆ. ಅಂದರೆ ನಿರಾಶ್ರಿತರಿಗೆ ಬಂದ ಯೋಜನೆ ಪಕ್ಕದ ಹಳ್ಳಿಗಳನ್ನು ಮುಟ್ಟಲು ಸುಮಾರು 20 ವರ್ಷ ಹಿಡಿಯಿತು!

ಈಗ ಇದೇ ವರ್ಷಗಳಲ್ಲಿ ಕಾಡಿನೊಳಗೆ ಏನಾಗುತ್ತಿತ್ತು ನೋಡೋಣ.

ಜೇನುಕುರುಬರು ಎಲ್ಲಿಂದಲೋ ಬಂದವರಲ್ಲ. ಜೇನು, ಗೆಡ್ಡೆಗೆಣಸು, ಅಲ್ಪಸ್ವಲ್ಪ ರಾಗಿ, ಹೀಗೆ ಕಾಡಿನಲ್ಲೇ ಬದುಕಿದವರು. ಮಾಸ್ತಿಯವರ 'ಕಾಕನಕೋಟೆ' ನಾಟಕ, 1977ರ ಸಿನಿಮಾ ಎರಡೂ ನೆನಪಿರಬಹುದು. ಕಾಡುಕುರುಬರಿಗೂ ಮೈಸೂರು ಅರಮನೆಗೂ ನಂಟು ಹಳೆಯದು. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆ ಹಿಡಿಯಲು ಇವರ ಕಾಡಿನ ಜ್ಞಾನವೇ ಆಧಾರ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ದಸರಾ ಆನೆಗಳ ಮಾವುತರಲ್ಲಿ, ಕಾವಾಡಿಗಳಲ್ಲಿ ಜೇನುಕುರುಬರು ಇವತ್ತಿಗೂ ಇದ್ದಾರೆ. ತೇಗದ ತೋಪು ಬೆಳೆಸಲು, ಬೆಂಕಿ ಆರಿಸಲು, ದಾರಿ ತೋರಿಸಲು ಅರಣ್ಯ ಇಲಾಖೆಗೂ ಇವರೇ ಬೇಕಿತ್ತು. ಕೆಲಸಕ್ಕೆ ಬೇಕು, ಆದರೆ ಇವರು ಕೂತ ನೆಲಕ್ಕೆ ಕಾಗದ ಮಾತ್ರ ಯಾರೂ ಬರೆದುಕೊಡಲಿಲ್ಲ.

1955ರಲ್ಲಿ ನಾಗರಹೊಳೆ ವನ್ಯಧಾಮ ಆಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಎಚ್.ಡಿ. ಕೋಟೆ ಕಡೆಯ ಕಾಡು, ಹಾಡಿ, ಹಳ್ಳಿಗಳು ನೀರಿನಡಿ ಹೋದವು. 80ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆ. ಒಂದೊಂದು ಹೆಸರು ಬದಲಾದಾಗಲೂ ಹಾಡಿಗಳು ಹೊರಗೆ ಸರಿದವು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯ ಪ್ರಕಾರ ಹೀಗೆ ಒಕ್ಕಲೆದ್ದ ಆದಿವಾಸಿ ಕುಟುಂಬಗಳು 3,418.

ಒಂದು ಕ್ಷಣ ನಿಂತು ಯೋಚಿಸಿ. ಬೈಲಕುಪ್ಪೆಯಲ್ಲಿ ಕಾಡು ಕಡಿದು ಹೊರಗಿನಿಂದ ಬಂದವರಿಗೆ ನೆಲೆ ಕೊಟ್ಟ ಸರ್ಕಾರ, ಅದೇ ತಾಲೂಕಿನ ಇನ್ನೊಂದು ಕಾಡಿನಿಂದ ಅಲ್ಲೇ ಹುಟ್ಟಿದವರನ್ನು ಹೊರಗೆ ಕಳಿಸುತ್ತಿತ್ತು. ಎರಡೂ ಹೆಚ್ಚುಕಮ್ಮಿ ಒಂದೇ ತಲೆಮಾರಿನ ಅವಧಿಯಲ್ಲಿ.

ಹೊರಬಂದವರು ಹೋದದ್ದೆಲ್ಲಿಗೆ? ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಗೆ. ನಮ್ಮ ಹೊಗೆಸೊಪ್ಪಿನ ಹೊಲಗಳಿಗೆ. ಎಲೆ ಮುರಿಯುವ ಕೂಲಿ, ಬ್ಯಾರನ್ ಮುಂದೆ ಬೆಂಕಿ ಕಾಯುವ ಕೂಲಿ. ಇದನ್ನು ನಮ್ಮವರು ಹೇಳುವುದೇ ಇಲ್ಲ. ರಾವಂದೂರು ಸೀಮೆಗೆ ಹೊಗೆಸೊಪ್ಪು ದುಡ್ಡು ತಂದಿತು. ಹೆಂಚಿನ ಮನೆ ಹೋಗಿ ಆರ್‌ಸಿಸಿ ಮನೆ ಬಂತು, ನನ್ನಂಥವರು ಇಂಜಿನಿಯರಿಂಗ್ ಓದಿದ್ದು ಅದೇ ದುಡ್ಡಿನಲ್ಲಿ. ಆ ಬೆಳೆಗೆ ಬೇಕಾದ ಅಗ್ಗದ ಕೈಗಳು ಎಲ್ಲಿಂದ ಬಂದವು ಅನ್ನುವುದೂ ಈ ಇತಿಹಾಸದ ಭಾಗವೇ. ಹಾಗಿರುವಾಗ "ಕಷ್ಟಪಡೋ ಬುದ್ಧಿ ಇಲ್ಲ" ಅನ್ನೋದು ಯಾವ ನ್ಯಾಯ ಸ್ವಾಮಿ? ಬೆಳಿಗ್ಗೆ ಆರಕ್ಕೆ ಜೀಪು ಹತ್ತಿ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಹಾಡಿಗೆ ಬರುವವರನ್ನು ಸೋಮಾರಿ ಅನ್ನೋದಾದರೆ, ಏಸಿಯಲ್ಲಿ ಕೂತು ಕೀಬೋರ್ಡ್ ಕುಟ್ಟುವ ನನಗೆ ಯಾವ ಹೆಸರು ಇಡಬೇಕು?

ಸುಮ್ಮನೆ ಕೂತವರೂ ಅಲ್ಲ. 90ರ ದಶಕದಲ್ಲಿ ನಾಗರಹೊಳೆಯೊಳಗೆ ತಾಜ್ ಗುಂಪಿನ ರೆಸಾರ್ಟ್ ತಯಾರಾಗುತ್ತಿದ್ದಾಗ ಬೀದಿಗಿಳಿದವರು ಇದೇ ಆದಿವಾಸಿಗಳು. "ನಾವಿದ್ದರೆ ಹುಲಿಗೆ ತೊಂದರೆ, ಹೋಟೆಲ್ ಇದ್ದರೆ ತೊಂದರೆ ಇಲ್ಲವೋ?" ಅನ್ನುವುದು ಅವರ ಸರಳ ಪ್ರಶ್ನೆಯಾಗಿತ್ತು. 1997ರಲ್ಲಿ ಹೈಕೋರ್ಟ್ ಆ ರೆಸಾರ್ಟಿನ ವಿರುದ್ಧ ತೀರ್ಪು ಕೊಟ್ಟಿತು.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ, ಡೇಟಾಬೇಸಿನಲ್ಲಿ ರೆಕಾರ್ಡ್ ಇಲ್ಲದ ಕಸ್ಟಮರ್ ಎದುರಿಗೇ ನಿಂತಿದ್ದರೂ ಸಿಸ್ಟಮ್ ಪಾಲಿಗೆ ಇಲ್ಲ. ಜೇನುಕುರುಬರ ಪಾಡು ಅದು. ಅಜ್ಜನ ಸಮಾಧಿ ಇದೆ, ದೇವರ ಮರ ಇದೆ, ಆದರೆ ಪಹಣಿ ಇಲ್ಲ. ಪಹಣಿ ಇಲ್ಲದೆ ಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ. ಎಬ್ಬಿಸಿದಾಗ ಪರಿಹಾರಕ್ಕೆ ದಾಖಲೆ ಇಲ್ಲ.

ಟಿಬೆಟನ್ನರದು ಇದರ ಉಲ್ಟಾ ಸಮಸ್ಯೆ. ಅವರಿಗೆ ನೆಲದ ಕಾಗದ ಇದೆ, ಅದು ಒಡೆತನವಲ್ಲ, ಲೀಸು ಅಷ್ಟೇ. ಆದರೆ ದೇಶದ ಕಾಗದ? ಇಲ್ಲೇ ಹುಟ್ಟಿ ಬೆಳೆದವರೂ ವಿದೇಶಿಯರಂತೆ ನೋಂದಣಿ ಪುಸ್ತಕವನ್ನು ಆಗಾಗ ನವೀಕರಿಸಬೇಕು. ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಅಂತ ಹೇಳಿಸಿಕೊಳ್ಳಲು ಕೋರ್ಟಿಗೆ ಹೋಗಬೇಕಾಯಿತು: 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್. ಸರ್ಕಾರಿ ಕೆಲಸ ಕಷ್ಟ, ಜಮೀನು ಕೊಳ್ಳುವುದು ಕಷ್ಟ. ಹಾಗಾಗಿ ಕ್ಯಾಂಪಿನ ಹುಡುಗ ಹುಡುಗಿಯರು ಅಮೆರಿಕ, ಕೆನಡಾ, ಯುರೋಪಿನ ದಾರಿ ಹಿಡಿಯುತ್ತಿದ್ದಾರೆ. ಎಷ್ಟೋ ಹೊಲಗಳನ್ನು ನಮ್ಮ ಕಡೆಯ ರೈತರೇ ಗುತ್ತಿಗೆಗೆ ಉಳುತ್ತಾರೆ. ಚಿನ್ನದ ಗೋಪುರ ನೋಡಿ ಹೊಟ್ಟೆಕಿಚ್ಚು ಪಡುವವರು ಇದನ್ನೂ ನೋಡಬೇಕು.

ಒಬ್ಬರಿಗೆ ನೆಲಕ್ಕೆ ಕಾಗದ ಇದೆ, ದೇಶಕ್ಕೆ ಇಲ್ಲ. ಇನ್ನೊಬ್ಬರಿಗೆ ವೋಟರ್ ಕಾರ್ಡ್ ಇದೆ, ಎಸ್‌ಟಿ ಸರ್ಟಿಫಿಕೇಟ್ ಇದೆ, ನೆಲಕ್ಕೆ ಇಲ್ಲ. ಯಾವ ಕಾಗದ ಅನ್ನ ಕೊಡುತ್ತದೆ ಅಂತ ಕೇಳಿದರೆ ಉತ್ತರ ನಮ್ಮ ತಾಲೂಕಿನಲ್ಲೇ ಇದೆ.

ಇದು ನಮ್ಮ ಊರಿನ ವಿಚಿತ್ರ ಮಾತ್ರ ಅಂದುಕೊಳ್ಳಬೇಡಿ. ಭೂಮಿಯ ಆ ತುದಿಯಲ್ಲಿ, ಹಿಮದ ಅಲಾಸ್ಕಾದಲ್ಲಿ ಇನುಪಿಯಾಟ್ ಅನ್ನುವ ಮೂಲನಿವಾಸಿಗಳಿದ್ದಾರೆ. 1968ರಲ್ಲಿ ಅವರ ಸೀಮೆಯಲ್ಲಿ ಎಣ್ಣೆ ಸಿಕ್ಕಿತು. 1971ರಲ್ಲಿ ಅಮೆರಿಕ ಸರ್ಕಾರ ಕಾಯ್ದೆ ಮಾಡಿ ಅಲಾಸ್ಕಾದ ಮೂಲನಿವಾಸಿಗಳಿಗೆಲ್ಲ ಸೇರಿ 4.4 ಕೋಟಿ ಎಕರೆ ನೆಲವನ್ನೂ 96 ಕೋಟಿ ಡಾಲರಿಗೂ ಹೆಚ್ಚು ಹಣವನ್ನೂ ಅವರದೇ ಕಂಪನಿಗಳ ಕೈಗೆ ಕೊಟ್ಟಿತು. ಮರುವರ್ಷ ಇನುಪಿಯಾಟರು ತಮ್ಮದೇ ಸ್ಥಳೀಯ ಸರ್ಕಾರ ಕಟ್ಟಿ, ಎಣ್ಣೆ ಕಂಪನಿಗಳ ಆಸ್ತಿಗೆ ತೆರಿಗೆ ಹಾಕಿ ಶಾಲೆ ಆಸ್ಪತ್ರೆ ಕಟ್ಟಿಕೊಂಡರು. ಅವರ ಬಂಧುಗಳೇ ಆದ ಕೆನಡಾದ ಇನ್ಯೂಟ್ ಜನರ ಕೆಲವು ಕುಟುಂಬಗಳನ್ನು ಅಲ್ಲಿನ ಸರ್ಕಾರ 1953ರಲ್ಲಿ ಎತ್ತಿಕೊಂಡು ಹೋಗಿ ಸಾವಿರಾರು ಕಿಲೋಮೀಟರ್ ಉತ್ತರಕ್ಕೆ, ಇನ್ನೂ ಕೊರೆಯುವ ಹಿಮದಲ್ಲಿ ಬಿಟ್ಟಿತ್ತು. ಅದಕ್ಕೆ ಕ್ಷಮೆ ಕೇಳಿದ್ದು 2010ರಲ್ಲಿ. ಒಂದೇ ಬೇರಿನ ಜನ, ಬೇರೆ ಬೇರೆ ಸರ್ಕಾರ, ಬೇರೆ ಬೇರೆ ಬದುಕು. ಅಲ್ಲೂ "ಇವರು ಶ್ರಮಜೀವಿಗಳು, ಅವರು ಸೋಮಾರಿಗಳು" ಅಂದರೆ ನಗಬೇಕಷ್ಟೇ.

ನಮ್ಮಲ್ಲೂ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಆದಿವಾಸಿಗಳಿಗೆ ಆಗಿರುವುದು ಚಾರಿತ್ರಿಕ ಅನ್ಯಾಯ ಅಂತ ಆ ಕಾಯ್ದೆಯೇ ಒಪ್ಪಿಕೊಂಡಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕು ಸಿಕ್ಕಿತು. ಅದೂ ಹುಲಿ ರಕ್ಷಿತಾರಣ್ಯವೇ. ಹಾಗಾಗಿ ಹುಲಿ ಇದ್ದರೆ ಜನ ಇರಬಾರದು ಅನ್ನುವ ಮಾತು ನಿಲ್ಲುವುದಿಲ್ಲ. ಆದರೆ ನಾಗರಹೊಳೆಯಲ್ಲಿ ಅರ್ಜಿಗಳ ಮೇಲೆ ಅರ್ಜಿ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕಾದು ಸಾಕಾಗಿ, ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿ ಜಾಗಕ್ಕೆ ನಡೆದು ಹೋಗಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡವು. ಪೇಪರಿನಲ್ಲಿ ಓದಿರಬಹುದು. ಅವರು ಕೇಳಿದ್ದು ಮೂರು ಸಾವಿರ ಎಕರೆಯಲ್ಲ, ತಮ್ಮ ಅಜ್ಜಂದಿರ ಜಾಗ.

ಇಷ್ಟಕ್ಕೂ ಟಿಬೆಟನ್ನರಿಗೆ ಕೊಟ್ಟಿದ್ದು ತಪ್ಪು ಅಂತ ನನ್ನ ವಾದವಲ್ಲ. ಅದು ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಸರಿಯಾದ ನೆಲ, ಸ್ವಂತ ಸಂಘ, ಒಳ್ಳೆ ಶಾಲೆ, ಮೂವತ್ತು ವರ್ಷದ ತಾಳ್ಮೆ, ಇಷ್ಟು ಕೊಟ್ಟರೆ ಬರಿಗೈಯಲ್ಲಿ ಬಂದವರೂ ಎದ್ದು ನಿಲ್ಲುತ್ತಾರೆ ಅಂತ ಬೈಲಕುಪ್ಪೆ ತೋರಿಸಿಕೊಟ್ಟಿದೆ. ಹಾಗಾಗಿ ಬೈಲಕುಪ್ಪೆಯನ್ನು ಜೇನುಕುರುಬರನ್ನು ಹಂಗಿಸಲು ಬಳಸುವ ಬದಲು, ಅಲ್ಲಿ ಮಾಡಿದ್ದನ್ನು ಇಲ್ಲಿ ಯಾಕೆ ಮಾಡಲಿಲ್ಲ ಅಂತ ಸರ್ಕಾರವನ್ನು ಕೇಳಲು ಬಳಸಬೇಕು.

ಮುಂದಿನ ಸಲ ಯಾರಾದರೂ ಮೋಮೊ ತಿನ್ನುತ್ತಾ "ನೋಡ್ರಪ್ಪಾ, ಬರಿಗೈಲಿ ಬಂದೋರು" ಅಂತ ಶುರು ಮಾಡಿದರೆ ಇಷ್ಟು ಹೇಳಿ: ಬರಿಗೈಲಿ ಬಂದವರ ಕೈಗೆ ನಾವು ನೆಲ ಕೊಟ್ಟೆವು. ಇಲ್ಲೇ ಇದ್ದವರ ಕೈಯಿಂದ ಕಿತ್ತುಕೊಂಡೆವು.